ಕೆಂಪು ಗಾಡಿಗೆ ಎತ್ತರದ ಸೂರು

"ಮೊದಲು ಕೆಳಗಿಳೀರಿ ನೀವು…"

ಗಾಡಿಯ ನೆತ್ತಿ ಮೇಲೆ ಕೂತು ಹಿತ್ತಾಳೆ ಗಂಟೆಯ ಬೋಲ್ಟು ಬಿಚ್ಚುತ್ತಿದ್ದ ಚೆಲುವರಾಜು ಬೆಚ್ಚಿಬಿದ್ದ. ಕೈಯಲ್ಲಿದ್ದ ಸ್ಪ್ಯಾನರ್ ಜಾರಿ ಠಣ್ ಅಂತ ನೆಲಕ್ಕೆ ಬಿತ್ತು.

ನಜರ್‌ಬಾದಿನ ಅವನ ಗ್ಯಾರೇಜಿನ ಅಂಗಳದಲ್ಲಿ ಒಬ್ಬಳು ನಿಂತಿದ್ದಳು. ಹಸಿರು ಅಂಚಿನ ಸೀರೆ, ಕಂಕುಳಲ್ಲಿ ಸುತ್ತಿಟ್ಟ ಭೂಪಟ, ಕಣ್ಣಲ್ಲಿ ಕೆಂಡ.

"ಆ ಗಂಟೆ ಮುಟ್ಟೋಕೆ ನಿಮಗೆ ಹೇಳಿದ್ದು ಯಾರು?"

"ಯಾರು ಹೇಳ್ಬೇಕು? ಹರಾಜಲ್ಲಿ ಕೊಂಡಿದ್ದು ನಾನು. ಗಾಡಿ ನಂದು."

"ಕೊಂಡ್ರೆ ಕೊಯ್ದು ಗುಜರಿಗೆ ಹಾಕ್ಬಿಡ್ತೀರಾ? ಈ ಫೈರ್ ಇಂಜಿನ್ನನ್ನ ನಮ್ಮಪ್ಪ ಎಷ್ಟೋ ವರ್ಷ ಓಡಿಸಿದ್ದಾರೆ. ಬೆಂಕಿ ಬಿದ್ದ ಮನೆಯೋರು ಈ ಗಂಟೆ ಕೇಳಿದ್ರೆ ಸಾಕು, ಜೀವ ಬಂದಹಾಗೆ ಆಗ್ತಿತ್ತು. ನಿಮಗೇನು ಗೊತ್ತು!"

ಅಂಗೈಯನ್ನು ಗಾಡಿಯ ಕೆಂಪು ಮೈಗೆ ಒತ್ತಿ, ನೆಟ್ಟಗೆ ಸೆಟೆದು ನಿಂತುಬಿಟ್ಟಳು. ನನ್ನನ್ನು ದಾಟಿ ಮುಟ್ಟಿ ನೋಡು ಅನ್ನುವ ಹಾಗೆ.

ಚೆಲುವರಾಜು ಏಣಿ ಇಳಿದು ಎದುರಿಗೆ ಬಂದ. ಅವನು ಅವಳಿಗಿಂತ ನಾಲ್ಕು ಬೆರಳು ಗಿಡ್ಡ. ಮುಖ ನೋಡಬೇಕಾದರೆ ತಲೆ ಎತ್ತಬೇಕಾಯಿತು. ಎತ್ತಿದ. ನೋಡಿದ. ನೋಡುತ್ತಲೇ ನಿಂತ…

"ಗುಜರಿಗಲ್ಲ ಕಣ್ರೀ. ಗಂಟೆ ತಿಕ್ಕಿ ಬೆಳಗಿ ಮತ್ತೆ ಅಲ್ಲೇ ಕೂರಿಸ್ತೀನಿ. ಒಳಗೆ ಮಲಗೋಕೆ ಜಾಗ, ಅಡುಗೆಗೆ ಜಾಗ ಮಾಡ್ತಿದ್ದೀನಿ. ಯುಗಾದಿ ಕಳೆದ ಮೇಲೆ ಈ ಗಾಡಿ ಹಿಮಾಲಯಕ್ಕೆ ಹೋಗುತ್ತೆ."

"ಎಲ್ಲಿಗೆ?"

"ಹಿಮಾಲಯಕ್ಕೆ."

ಅವಳ ಸಿಟ್ಟೆಲ್ಲ ಎಲ್ಲಿ ಹೋಯಿತೋ. ಬೆಂಕಿ ಆರಿಸುತ್ತಿದ್ದ ಗಾಡಿ… ಹಿಮದ ಬೆಟ್ಟಕ್ಕೆ? ಸಿಟ್ಟು ಇಳಿದದ್ದೇ ತಡ, ಅವಳ ಬೆನ್ನು ತಾನಾಗಿ ಬಗ್ಗಿತು, ಭುಜ ಒಳಗೆ ಮಡಚಿಕೊಂಡಿತು.

"ತಪ್ಪು ತಿಳ್ಕೊಂಡೆ… ಕ್ಷಮಿಸಿ," ಅಂದವಳೇ ತಲೆ ತಗ್ಗಿಸಿ ಹೊರಟುಬಿಟ್ಟಳು.

ಅವಳು ಗೇಟು ದಾಟಿದ ಮೇಲೆ ಚೆಲುವರಾಜು ಸೀಮೆಸುಣ್ಣ ಹುಡುಕಿ ತಂದು, ಅವಳು ನಿಂತಿದ್ದ ಕಡೆ ಗಾಡಿಯ ಮೈಮೇಲೆ ಒಂದು ಗೆರೆ ಎಳೆದ. ಆಮೇಲೆ ಏನೂ ಆಗಿಲ್ಲವೆಂಬಂತೆ ಸ್ಪ್ಯಾನರ್ ಎತ್ತಿಕೊಂಡ.

ಐವತ್ತೆಂಟನೇ ಇಸವಿ, ದಸರಾ ಆಗಷ್ಟೇ ಮುಗಿದಿತ್ತು. ಅವಳು ಚಾಮುಂಡೇಶ್ವರಿ, ಮನೆಯಲ್ಲಿ ಚಾಮು. ಕೃಷ್ಣಮೂರ್ತಿಪುರದ ಸ್ಕೂಲಿನಲ್ಲಿ ಭೂಗೋಳದ ಟೀಚರು. ಹಿಮಾಲಯವನ್ನು ದಿನವೂ ಕೋಲು ಹಿಡಿದು ತೋರಿಸುತ್ತಿದ್ದಳು, ನೋಡಿದ್ದು ಮಾತ್ರ ಚಾಮುಂಡಿ ಬೆಟ್ಟ.

ಅವಳ ಕಷ್ಟ ಒಂದೇ. ಎತ್ತರ. ದೇವರು ಕೊಟ್ಟ ಎತ್ತರವನ್ನು ಮುಚ್ಚಿಡೋದು ಹ್ಯಾಗೆ ಹೇಳಿ? ಹೆಣ್ಣು ನೋಡೋಕೆ ಬಂದವರು ಕೂತಿರೋವರೆಗೆ ಸರಿ. ಅವಳು ಕಾಫಿ ಲೋಟ ಕೊಟ್ಟು ನೆಟ್ಟಗೆ ನಿಂತರೆ ಸಾಕು, ಗಂಡಿನ ಕಡೆಯವರ ಮುಖ ಸಪ್ಪಗಾಗುತ್ತಿತ್ತು. "ವಸಿ ಬಗ್ಗು ಕಣವ್ವ," ಅನ್ನುತ್ತಿದ್ದಳು ತಾಯಿ ಕೆಂಚಮ್ಮ. ಬಗ್ಗಿ ಬಗ್ಗಿ ಅವಳಿಗೆ ಅದೇ ಅಭ್ಯಾಸವಾಗಿತ್ತು. ಮನೆಯ ಕನ್ನಡಿಯೂ ತಾಯಿಯ ಎತ್ತರಕ್ಕೇ ಇತ್ತು. ಕುಂಕುಮ ಇಟ್ಟುಕೊಳ್ಳಬೇಕಾದರೂ ಮಂಡಿ ಬಗ್ಗಿಸಬೇಕಿತ್ತು.

ಆವತ್ತು ಸಂಜೆ ಅವಳು ತಂದೆ ಕೆಂಪಯ್ಯನಿಗೆ ಸುದ್ದಿ ಹೇಳಿದಳು. ಪೆನ್ಷನ್ ಆದಾಗಿನಿಂದ ಜಗಲಿ ಬಿಟ್ಟು ಏಳದ ಮನುಷ್ಯ ಎದ್ದು ಕೂತ.

"ನನ್ ಗಾಡಿ ಹಿಮಾಲಯಕ್ಕಾ? ಅವನ ತಲೆ ನೆಟ್ಟಗಿದ್ದದಾ?"

"ಗೊತ್ತಿಲ್ಲಪ್ಪ. ಗಾಡಿಯನ್ನ ಮಾತ್ರ ಜೋಪಾನವಾಗಿ ಮುಟ್ಟುತ್ತಿದ್ರು."

ಮಾರನೇ ಬೆಳಿಗ್ಗೆ ಕೆಂಪಯ್ಯ ಗ್ಯಾರೇಜಿನಲ್ಲಿದ್ದ. ಆಮೇಲೆ ದಿನಾ ಅಲ್ಲೇ. ಮಧ್ಯಾಹ್ನದ ಊಟಕ್ಕೂ ಮನೆಗೆ ಬಾರದ ಅಪ್ಪನಿಗೆ ರಜಾದಿನಗಳಲ್ಲಿ ಬುತ್ತಿ ಹೊತ್ತುಕೊಂಡು ಹೋಗುವ ಕೆಲಸ ಚಾಮುವಿನ ಪಾಲಿಗೆ ಬಂತು.

ಪಾಪ, ಬಲವಂತಕ್ಕೆ ಹೋಗುತ್ತಿದ್ದಳು ಅಂದುಕೊಳ್ಳಬೇಡಿ.

ಹೋದಾಗಲೆಲ್ಲ ಗಾಡಿ ಬೇರೆಯಾಗಿರುತ್ತಿತ್ತು. ಬೆಂಕಿಗೆ ಎರಚುವ ನೀರು ತುಂಬುತ್ತಿದ್ದ ಟ್ಯಾಂಕನ್ನು ತೊಳೆದು ತೊಳೆದು ಕುಡಿಯುವ ನೀರಿಗೆ ಹದ ಮಾಡಿದ್ದರು. ರಬ್ಬರ್ ಪೈಪು ಸುತ್ತಿಡುತ್ತಿದ್ದ ಗೂಡಿನಲ್ಲಿ ಸೀಮೆಎಣ್ಣೆ ಸ್ಟವ್ ಕೂತಿತ್ತು. ಸಿಬ್ಬಂದಿ ಕೂರುತ್ತಿದ್ದ ಬೆಂಚು ಮಡಚಿದರೆ ಬೆಂಚು, ಬಿಚ್ಚಿದರೆ ಮಂಚ. ಏಣಿ ಹಿಂದುಗಡೆ ಹಾಗೇ ಇತ್ತು. ಚಾಮು ಒಂದೊಂದನ್ನೂ ಮುಟ್ಟಿ ಮುಟ್ಟಿ ನೋಡುತ್ತಿದ್ದಳು. ಮನೆಯೊಂದು ಚಕ್ರದ ಮೇಲೆ ಹುಟ್ಟುತ್ತಿತ್ತು.

ಒಂದು ಭಾನುವಾರ ಅವಳು ಭೂಪಟ ಬಿಚ್ಚಿ ದಾರಿ ತೋರಿಸುವಾಗ ಕೇಳಿಯೇಬಿಟ್ಟಳು.

"ಅಷ್ಟು ದೂರ ಯಾಕೆ ಹೋಗ್ಬೇಕು ಅಂತ ನಿಮಗೆ?"

ಚೆಲುವರಾಜು ಕೈ ಒರೆಸಿಕೊಂಡ. "ಮಿಲಿಟರಿಲಿದ್ದಾಗ ಕಾಶ್ಮೀರದಲ್ಲಿ ಲಾರಿ ಓಡಿಸ್ತಿದ್ದೆ ಮೇಡಮ್ಮೋರೇ. ಒಂದಿನ ಬೆಳಗಿನ ಜಾವ, ಚಳಿಗೆ ಕೈ ಸ್ಟಿಯರಿಂಗಿಗೇ ಅಂಟಿಕೊಂಡಿತ್ತು. ನಾವು ಇನ್ನೂ ಕತ್ತಲಲ್ಲೇ ಇದ್ದೀವಿ, ಮೇಲೆ ಬೆಟ್ಟದ ತುದಿ ಮಾತ್ರ ಕೆಂಪಗಾಯ್ತು. ಆಮೇಲೆ ಬಂಗಾರ… ಆಮೇಲೆ ಬೆಳ್ಳಗೆ. ಆಚೆಯಿಂದ ಗುಂಡು ಹಾರ್ತಾನೇ ಇದೆ. ಆದ್ರೂ ನಮ್ಮಲ್ಲಿ ಒಬ್ಬರೂ ತಲೆ ತಗ್ಗಿಸಲಿಲ್ಲ. ಗುಂಡು ಹಾರದ ದಿನ ಬಂದು, ಇದನ್ನ ಕಣ್ತುಂಬ ನೋಡ್ಬೇಕು ಅಂದ್ಕೊಂಡೆ."

ಚಾಮುವಿನ ಬೆರಳು ಭೂಪಟದ ಕಾಶ್ಮೀರದ ಮೇಲೇ ನಿಂತಿತ್ತು. 'ಇಷ್ಟು ವರ್ಷ ನಾನು ಮಕ್ಕಳಿಗೆ ಪಾಠ ಮಾಡಿದ್ದು ಇದನ್ನೇ ಏನು?' ಅನ್ನಿಸಿತು. ಇನ್ನೊಂದೂ ಅನ್ನಿಸಿತು. ಅದನ್ನು ತನಗೆ ತಾನೇ ಹೇಳಿಕೊಳ್ಳೋಕೂ ನಾಚಿಕೆಯಾಯಿತು.

ಸಂಕ್ರಾಂತಿ ಹೊತ್ತಿಗೆ ಸೂರಿನ ಕೆಲಸ ಶುರುವಾಯಿತು. ಆವಾಗಲೇ ಗುರು ಶಿಷ್ಯರಿಗೆ ಮೊದಲ ಜಗಳ.

"ಇಷ್ಟೆತ್ತರ ಯಾಕ್ಲಾ? ತಿರುವಲ್ಲಿ ಗಾಡಿ ವಾಲ್ತದೆ. ನೀನಿರೋ ಉದ್ದಕ್ಕೆ ಇನ್ನೊಂದು ಗೇಣು ಇಳಿಸು, ಸಾಕು," ಅಂದ ಕೆಂಪಯ್ಯ.

"ನೀರಿನ ಟ್ಯಾಂಕು ತಳದಲ್ಲೇ ಇದೆಯಲ್ಲ, ಭಾರ ಹಿಡ್ಕೊಳ್ಳುತ್ತೆ ಯಜಮಾನ್ರೇ. ನಿಧಾನಕ್ಕೆ ತಿರುಗಿಸ್ತೀನಿ. ಮಿಕ್ಕಿದ್ದಕ್ಕೆಲ್ಲ ನಿಮ್ಮ ಮಾತು ಕೇಳ್ತೀನಿ, ಸೂರಿನ ವಿಷಯ ಮಾತ್ರ ಬುಟ್ಬುಡಿ."

"ಯಾರಾದ್ರೂ ಕೇಳಿದ್ರೆ ಕೆಂಪಯ್ಯ ಹೇಳಿದ್ದಲ್ಲ ಅಂತೇಳು, ಅಷ್ಟೇ."

ಈ ಮಧ್ಯೆ ಚಾಮುವಿಗೆ ಒಂದು ಸಂಬಂಧ ಬಂತು. ಹುಡುಗನ ಹೆಸರು ಸಿದ್ದರಾಜು, ಆಫೀಸಿನಲ್ಲಿ ಗುಮಾಸ್ತೆ. ಅವಳನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, "ಆಗಬಹುದು. ಚಪ್ಪಲಿ ತೆಳ್ಳಗಿರೋದು ಹಾಕ್ಕೊಳ್ಳಲಿ. ಮದುವೆ ಫೋಟೋದಲ್ಲಿ ಅವಳು ಕೂತಿರಲಿ, ನಾನು ನಿಂತ್ಕೋತೀನಿ," ಅಂದ.

ಕೆಂಚಮ್ಮನಿಗೆ ಸ್ವರ್ಗವೇ ಸಿಕ್ಕಿದಂತಾಯಿತು. ಒಬ್ಬನಾದರೂ ಒಪ್ಪಿದನಲ್ಲ! ಯುಗಾದಿಯೊಳಗೆ ಹೂಂ ಅನ್ನಬೇಕು ಅಂತ ಮಾತಾಯಿತು.

'ಜೀವಮಾನವೆಲ್ಲ ಕೂತೇ ಇರಬೇಕಾ ನಾನು?' ಅಂದುಕೊಂಡಳು ಚಾಮು. ಚೆಲುವರಾಜು ಒಂದು ಮಾತು ಆಡಿದ್ದರೆ… ಒಂದೇ ಒಂದು ಮಾತು. ಇವತ್ತು ನಾನೇ ಬಾಯಿಬಿಟ್ಟು ಕೇಳಿಬಿಡ್ತೀನಿ ಅಂತ ಶಿವರಾತ್ರಿಯ ರಜೆಗೆ ಗ್ಯಾರೇಜಿಗೆ ಹೊರಟಳು.

ಗೇಟಿನ ಹತ್ತಿರವೇ ಕಾಲು ನಿಂತಿತು.

ಗಾಡಿಯ ಒಳಗೆ ಹದಿನೆಂಟು ತುಂಬಿದ ಹುಡುಗಿಯೊಬ್ಬಳು ಪಾತ್ರೆ ಜೋಡಿಸುತ್ತಿದ್ದಳು. ಪುಟ್ಟ ಆಳು, ಮುದ್ದು ಮುಖ. "ಮಾವಾ, ಈ ಸಾರಿನ ತಪ್ಪಲೆ ಎಲ್ಲಿಡಲಿ?" ಅಂತ ಕೂಗುತ್ತಿದ್ದಳು. ಕೆಳಗೆ ಚೆಲುವರಾಜುವಿನ ಅಕ್ಕ ನಿಂತು ಮಸಾಲೆ ಡಬ್ಬಿ ಕೊಡುತ್ತಿದ್ದಳು.

"ಅದು ಶಾರದ," ಅಂದ ಕೆಂಪಯ್ಯ, ಮಗಳ ಕೈಯಿಂದ ಬುತ್ತಿ ತೆಗೆದುಕೊಳ್ಳುತ್ತ. "ಅವನ ಅಕ್ಕನ ಮಗಳು. ಮನೇಲೇ ಹೆಣ್ಣಿರುವಾಗ ಹೊರಗೆ ಯಾಕೆ ನೋಡ್ತಾರೆ? ಇನ್ನೇನು, ಅವಳನ್ನೇ ಕಟ್ಕೊಂಡು ಹೊರಡ್ತಾನೆ."

ಇದರಲ್ಲಿ ಕೇಳೋದೇನಿದೆ? ಅಕ್ಕನ ಮಗಳ ಮೇಲೆ ಸೋದರಮಾವನಿಗೆ ಹಕ್ಕು. ಚಾಮುವಿನ ಅಜ್ಜಿಯನ್ನು ತಂದಿದ್ದೂ ಹಾಗೇ. ಸುತ್ತಲ ಹತ್ತು ಮನೆಯಲ್ಲಿ ಐದು ಮನೆ ನಿಂತಿರೋದು ಹಾಗೇ. ಅವಳು ಯಾರನ್ನೂ ಏನೂ ಕೇಳಲಿಲ್ಲ. ಆ ಸ್ಟವ್, ಆ ಮಂಚ, ಹೊಸದಾಗಿ ಕೂರಿಸಿದ ಆ ಅಟ್ಟ, ಎಲ್ಲ ಶಾರದಳಿಗೆ. ತಾನು ಬರೀ ದಾರಿ ತೋರಿಸಿದವಳು.

ಮನೆಗೆ ಬಂದು ತಾಯಿಗೆ ಹೇಳಿದಳು. "ಸಿದ್ದರಾಜು ಮನೆಯೋರಿಗೆ ಹೂಂ ಅಂದುಬಿಡಮ್ಮ."

ಕೆಂಚಮ್ಮ ಸಂತೋಷಕ್ಕೆ ಅತ್ತಳು. ಮಗಳೂ ಅತ್ತಳು. ಇಬ್ಬರ ಕಣ್ಣೀರೂ ಒಂದೇ ಅಂದುಕೊಂಡಳು ಆ ತಾಯಿ.

ಯುಗಾದಿಯ ಬೆಳಿಗ್ಗೆ ಗಾಡಿಗೆ ಪೂಜೆ. ಮುಂದಿನ ಶುಕ್ರವಾರ ಚಾಮುವಿನ ನಿಶ್ಚಿತಾರ್ಥ. ಬರೋದಿಲ್ಲ ಅಂದವಳನ್ನು ಕೆಂಪಯ್ಯ ಬಿಡಲಿಲ್ಲ.

"ನಾಳೆ ಹೊಂಟೋಯ್ತದೆ ಕಣವ್ವ ನನ್ ಗಾಡಿ. ಒಂದ್ಸಲ ಕಣ್ತುಂಬ ನೋಡ್ಬಾ."

ನೋಡಿದಳು. ಅಬ್ಬಾ… ಅದೇ ಗಾಡಿಯಾ ಇದು? ಮೈಯೆಲ್ಲ ಹೊಸ ಕೆಂಪು. ಗಂಟೆ ಬಂಗಾರದ ಹಾಗೆ ಹೊಳೆಯುತ್ತಿತ್ತು. ಮೂತಿಗೆ ಚೆಂಡು ಹೂವಿನ ಹಾರ, ಚಕ್ರದಡಿ ನಿಂಬೆಹಣ್ಣು. ಇಲ್ಲಿಂದ ಹಿಡಿದು ಭೂಪಟದ ನೆತ್ತಿಯವರೆಗೂ ಹೋಗುತ್ತೇನೆ ಅನ್ನುವ ಗತ್ತು ಅದಕ್ಕೆ ಬಂದಿತ್ತು. ಅಷ್ಟು ನೋವಿನಲ್ಲೂ ಅವಳ ಮೈ ಜುಮ್ಮೆಂದಿತು.

ಕರ್ಪೂರ ಹಚ್ಚಬೇಕು, ಬೆಂಕಿಪೊಟ್ಟಣ ಇಲ್ಲ. ಅದನ್ನು ತರಲು ಒಳಗೆ ಹೋಗಿದ್ದ ಶಾರದ ಬಾಗಿಲಿಗೆ ಬಂದು ಸಿಡುಕಿದಳು.

"ಈ ಮಾವನಿಗೆ ಬುದ್ಧಿ ಇಲ್ಲ. ಅಟ್ಟಾನ ಆಕಾಶದಲ್ಲಿ ಇಟ್ಟವ್ರೆ. ತುದಿಗಾಲಲ್ಲಿ ನಿಂತ್ರೂ ಎಟುಕಲ್ಲ. ಅಕ್ಕಾ, ನೀವೇ ತಕ್ಕೊಡಿ."

ಚಾಮು ಅಭ್ಯಾಸದಂತೆ ತಲೆ ಬಗ್ಗಿಸಿಕೊಂಡೇ ಒಳಗೆ ಹತ್ತಿದಳು. ಬಗ್ಗಿಕೊಂಡೇ ಕೈ ಚಾಚಿದಳು. ಎಟುಕಲಿಲ್ಲ. ಸ್ವಲ್ಪ ಬೆನ್ನು ಎತ್ತಿದಳು… ಬೆಂಕಿಪೊಟ್ಟಣ ಅವಳ ಬೆರಳಿಗೆ ತಾನಾಗಿ ಸಿಕ್ಕಿತು.

ಪಕ್ಕದಲ್ಲಿ ಕನ್ನಡಿ. ಅದರಲ್ಲಿ ಅವಳ ಮುಖ ಪೂರ್ತಿ ಕಾಣುತ್ತಿತ್ತು. ಕಣ್ಣು, ಹಣೆ, ಕುಂಕುಮ, ಬೈತಲೆ… ಯಾವ ಕನ್ನಡಿಯೂ ಅವಳು ನಿಂತಿರುವಾಗ ಹೀಗೆ ತೋರಿಸಿರಲಿಲ್ಲ.

ಮೆಲ್ಲಗೆ ಭುಜ ಬಿಡಿಸಿದಳು. ಕತ್ತು ಎತ್ತಿದಳು. ಇನ್ನೇನು ತಲೆ ತಾಗುತ್ತೆ ಅಂದುಕೊಂಡಳು, ತಾಗಲಿಲ್ಲ. ಪೂರ್ತಿ ನೆಟ್ಟಗೆ ನಿಂತಳು. ತಲೆಗೆ ಮುಡಿದ ಮಲ್ಲಿಗೆಗೂ ಸೂರಿಗೂ ನಡುವೆ ಇನ್ನೂ ಜಾಗವಿತ್ತು.

"ಸರಿಯಾಗಿದೆಯಾ?"

ಬಾಗಿಲಲ್ಲಿ ಚೆಲುವರಾಜು ನಿಂತಿದ್ದ.

"ಇದು… ಶಾರದಳಿಗಲ್ವಾ?"

"ಶಾರದಳಿಗಾ? ಅವಳನ್ನ ತೊಡೆ ಮೇಲೆ ಆಡಿಸಿದ್ದೀನಿ ನಾನು. ಅವಳಿಗೆ ಮಂಡ್ಯದಲ್ಲಿ ಗಂಡು ಗೊತ್ತಾಗಿ ತಿಂಗಳಾಯ್ತು."

"ನನ್ನ ಎತ್ತರ… ನಿಮಗೆ ಹ್ಯಾಗೆ ಗೊತ್ತು? ನಾನು ಯಾವಾಗಲೂ…"

"ಬಗ್ಗಿಕೊಂಡೇ ಇರ್ತೀರಿ. ಮೊದಲನೇ ದಿನ ಬಿಟ್ಟು. ಆವತ್ತು ನನ್ನನ್ನ ಬೈಯೋ ಭರದಲ್ಲಿ ಬಗ್ಗೋದು ಮರೆತುಬಿಟ್ಟಿದ್ರಿ. ನೀವು ಹೋದ ಮೇಲೆ ಗೆರೆ ಎಳೆದಿಟ್ಟೆ. ಸೂರು, ಅಟ್ಟ, ಕನ್ನಡಿ, ಎಲ್ಲ ಆ ಗೆರೆ ಲೆಕ್ಕದಲ್ಲೇ ಮಾಡಿದ್ದು."

"ಒಂದು ಮಾತು ಹೇಳಬಾರದಿತ್ತಾ ನೀವು?" ಅವಳಿಗೆ ಅಳು ತಡೆಯಲಾಗಲಿಲ್ಲ.

"ಓದಿದೋರು ನೀವು. ಬರೀ ಬಾಯಲ್ಲಿ ಏನು ಕೇಳ್ಲಿ ಅನ್ನಿಸ್ತು. ಗಾಡಿ ಮುಗೀಲಿ, ಒಳಗೆ ನಿಲ್ಲಿಸಿ ಕೇಳೋಣ ಅಂತಿದ್ದೆ. ಅಷ್ಟರಲ್ಲಿ ನಿಮ್ಮ ನಿಶ್ಚಿತಾರ್ಥದ ಸುದ್ದಿ ಬಂತು. ಸೂರು ಇಳಿಸೋಕೆ ಮನಸ್ಸು ಬರಲಿಲ್ಲ. ಒಬ್ಬನೇ ಹೋದ್ರೂ ಇಷ್ಟೆತ್ತರದ್ದೇ ಇರಲಿ ಅಂದ್ಕೊಂಡೆ."

"ಒಬ್ಬರೇ ಹೋಗಬೇಡಿ," ಅಂದಳು ಚಾಮು. ಅಂದಮೇಲೆ ತನ್ನ ಧೈರ್ಯಕ್ಕೆ ತಾನೇ ಬೆರಗಾದಳು.

ಕೆಳಗೆ ಯಾರೋ ಕೆಮ್ಮಿದರು. ಕರ್ಪೂರದ ತಟ್ಟೆ ಹಿಡಿದ ಕೆಂಪಯ್ಯ. ಎಲ್ಲ ಕೇಳಿಸಿಕೊಂಡಿದ್ದ. ಅವನು ಮಗಳನ್ನು ಅಡಿಯಿಂದ ಮುಡಿಯವರೆಗೆ ನೋಡಿದ, ಇವತ್ತೇ ಮೊದಲ ಸಲ ನೋಡುವವನ ಹಾಗೆ.

"ಎಷ್ಟೆತ್ತರ ಬೆಳ್ದಿದ್ದೀಯವ್ವ ನೀನು… ಬಗ್ಗಿಸಿ ಬಗ್ಗಿಸಿ ಅದು ಗೊತ್ತೇ ಆಗ್ದಂಗೆ ಮಾಡ್ಬುಟ್ವಲ್ಲ ನಾವು."

"ಅಪ್ಪಾ, ಸಿದ್ದರಾಜು ಮನೆಯೋರಿಗೆ ಹೂಂ ಅಂದಿದ್ದೀವಿ…"

"ತಾಂಬೂಲ ಇನ್ನೂ ಬದಲಾಯಿಸಿಲ್ಲ. ಮಾತು ಕೊಟ್ಟವನು ನಾನು, ನಾನೇ ಹೋಗಿ ಕೈಮುಗಿದು ವಾಪಸ್ ತಕ್ಕೊಂಡು ಬತ್ತೀನಿ. ಬೈದ್ರೆ ಬೈಸ್ಕೋತೀನಿ ಬುಡು." ಕಣ್ಣೊರೆಸಿಕೊಂಡು ಚೆಲುವರಾಜುವಿನ ಕಡೆ ತಿರುಗಿದ. "ಏನಪ್ಪಾ, ನಾಳೆ ಹೊರಡಂಗಿಲ್ಲ ನೀನು. ಮೊದ್ಲು ಮದುವೆ. ಆಮೇಲೆ ಬೆಟ್ಟ."

"ಆಗಲಿ ಯಜಮಾನ್ರೇ."

"ಯಜಮಾನ್ರೇ ಅಲ್ಲ ಕಣ್ಲಾ. ಮಾವ ಅನ್ನು." ಅಂದವನೇ ಹೋಗಿ ಗಂಟೆಯ ಹಗ್ಗ ಜಗ್ಗಿದ. ನಜರ್‌ಬಾದಿನ ಬೀದಿಯ ಜನ ಎಲ್ಲಿ ಬೆಂಕಿ ಬಿತ್ತೋ ಅಂತ ಹೊರಗೆ ಓಡಿಬಂದರು.

ಮದುವೆಯ ಫೋಟೋದಲ್ಲಿ ಇಬ್ಬರೂ ನಿಂತಿದ್ದಾರೆ. ಅವಳು ನಾಲ್ಕು ಬೆರಳು ಎತ್ತರ, ಮುಖದ ತುಂಬ ನಗು. ಅವನ ಮುಖದಲ್ಲಿ ಅವಳಿಗಿಂತ ಜಾಸ್ತಿ.

ಜ್ಯೇಷ್ಠ ಮಾಸದ ಒಂದು ಬೆಳಗು. ಕಣಿವೆಯ ತಿರುವಿನಲ್ಲಿ ಕೆಂಪು ಗಾಡಿ ನಿಂತಿತ್ತು. ಚಾಮು ಹಿಂದಿನ ಏಣಿ ಹತ್ತಿ ಸೂರಿನ ಮೇಲೆ ನಿಂತಿದ್ದಳು. ಸುತ್ತ ಕತ್ತಲು. ಗಾಳಿಯ ಸದ್ದು ಬಿಟ್ಟರೆ ಏನೂ ಇಲ್ಲ.

ಅಷ್ಟರಲ್ಲಿ, ಆಕಾಶ ಅಂದುಕೊಂಡಿದ್ದ ಜಾಗದಲ್ಲಿ ಒಂದು ತುದಿ ಕೆಂಪಗಾಯಿತು. ಅದರ ಪಕ್ಕ ಇನ್ನೊಂದು… ಅದರಾಚೆ ಮತ್ತೊಂದು. ಬೆಟ್ಟ ಅಷ್ಟು ಮೇಲಿರುತ್ತೆ ಅಂತ ಅವಳಿಗೆ ಯಾವ ಭೂಪಟವೂ ಹೇಳಿರಲಿಲ್ಲ. ಅವಳು ಕೈ ಮುಗಿದಳು. ಕೆನ್ನೆ ಮೇಲೆ ನೀರಿಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

ಚೆಲುವರಾಜು ಕಂಬಳಿ ತಂದು ಅವಳ ಹೆಗಲಿಗೆ ಹೊದಿಸಿದ.

"ಏನ್ರೀ…"

"ಹೂಂ?"

"ಹುಟ್ಟಿದಾಗಿನಿಂದ ಮೊದಲನೇ ಸಲ ನಾನು ಗಿಡ್ಡಿ ಅನ್ನಿಸ್ತಿದೆ."

ಅವನು ನಕ್ಕು, ತಲೆ ಎತ್ತಿ ನೋಡಿದ. ಬೆಟ್ಟವನ್ನಲ್ಲ, ಅವಳನ್ನು.

"ಅನ್ನಿಸಲಿ ಬಿಡು. ಹಾಗಂತ ಬಗ್ಗಬೇಡ."