ಬೀಗ ಬಿದ್ದ ಪರದೆ

“ಇದ್ಯಾರಪ್ಪ ಇವ್ನು? ಮಗಳನ್ನ ಕರ್ಕೊಂಡು ಹೋಗ್ತೀನಿ ಅಂತ ನನಗ್ಯಾಕೆ ಬರೆದಿದ್ದಾನೆ?”

ತರಗತಿಯವರೆಲ್ಲ ದೊಡ್ಡಮ್ಮ ಎನ್ನುವ ಹಿರಿಯಳು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಪರದೆಗೆ ಮುಖ ಹತ್ತಿರ ಮಾಡಿದಳು. ಸಮುದಾಯ ಕಾಲೇಜಿನ ಕಂಪ್ಯೂಟರ್ ತರಗತಿಯಲ್ಲಿ ಬೆಳಗಿನ ಮೊದಲ ಕೆಲಸವೇ ಅದು. ಎಲ್ಲರೂ ತಮ್ಮ ತಮ್ಮ ಈಮೇಲ್ ತೆರೆದು ಮೇಷ್ಟ್ರು ಕಳಿಸಿದ ಪಾಠ ತೆಗೆದುಕೊಳ್ಳಬೇಕು. ಇವತ್ತು ದೊಡ್ಡಮ್ಮನ ಪಾಠದ ತಲೆಯ ಮೇಲೆ ಇನ್ನೊಂದು ಪತ್ರ ಕುಳಿತಿತ್ತು. ಅವಳು ಅದನ್ನು ಗಟ್ಟಿಯಾಗಿಯೇ ಓದಿದಳು.

“ವಿಷಯ ತಿಳಿಸಿದ್ದಕ್ಕೆ ಉಪಕಾರವಾಯಿತು. ಶಿಶುವಿಹಾರದ ಹಿಂಬಾಗಿಲಿಗೆ ಇವತ್ತು ಮಧ್ಯಾಹ್ನ ಬಂದು ಮಗಳನ್ನು ಕರೆದೊಯ್ಯುತ್ತೇನೆ. ಅವಳ ತಾಯಿಗೆ ಸುಳಿವು ಬೇಡ.”

ಪಕ್ಕದ ಕುರ್ಚಿಯಲ್ಲಿ ಕುಳಿತಿದ್ದ ದರ್ಜಿಯ ಕೈ ಕೀಲಿಮಣೆಯ ಮೇಲೇ ಮರಗಟ್ಟಿತು. ಬಗ್ಗಿ ನೋಡಿದಳು. ಕಳಿಸಿದವನ ಹೆಸರು ಅವಳ ಗಂಡನದು.

ಆ ಹೆಸರಿಗೆ ಹೆದರಿಯೇ ಅವಳು ಊರು ಬಿಟ್ಟು ಬಂದಿದ್ದಳು. ಅಕ್ಕನ ಮನೆಯ ಹಿಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ, ಬೆಳಗಿನ ಹೊತ್ತು ಈ ತರಗತಿ, ಕೆಳಗಿನ ಮಹಡಿಯ ಶಿಶುವಿಹಾರದಲ್ಲಿ ಮಗಳು. ಗಂಡ ಎಲ್ಲಿ ಎಂದು ಕೇಳಿದವರಿಗೆಲ್ಲ ದೂರದಲ್ಲಿ ಕೆಲಸದಲ್ಲಿದ್ದಾರೆ ಎನ್ನುತ್ತಿದ್ದಳು. ತರಗತಿಯಲ್ಲಿ ನಿಜ ಹೇಳಿದ್ದು ಒಬ್ಬರಿಗೆ ಮಾತ್ರ. ಆ ಒಬ್ಬಳು ಈಗ ಕನ್ನಡಕ ಸರಿಮಾಡಿಕೊಳ್ಳುತ್ತ ಇವಳ ಮುಖ ನೋಡುತ್ತಿದ್ದಳು.

“ನೀವೇ ಬರೆದ್ರಾ ದೊಡ್ಡಮ್ಮ?”

“ಅಯ್ಯೋ, ಏನಂತ ಕೇಳ್ತಿದ್ದೀಯೇ ನನ್ನ?”

ಮೇಷ್ಟ್ರು ಎದ್ದು ಬಂದರು. ಅಳಿಸಿದ ಪತ್ರಗಳು ಹೋಗಿ ಬೀಳುವ ಜಾಗವನ್ನು ತೆರೆದರು. ಅಲ್ಲಿತ್ತು. ನಿನ್ನೆ ಚಹಾದ ಬಿಡುವಿನಲ್ಲಿ, ದೊಡ್ಡಮ್ಮನ ಹೆಸರಿನಿಂದ ಹೋಗಿ, ಕೂಡಲೇ ಅಳಿಸಲ್ಪಟ್ಟ ಪತ್ರ. ಶಿಶುವಿಹಾರದ ಹಿಂಬಾಗಿಲಿಗೆ ಕಾವಲಿಲ್ಲ ಎಂದಿತ್ತು. ಮಗು ಹಳದಿ ಸ್ವೆಟರ್ ಹಾಕಿರುತ್ತದೆ ಎಂದಿತ್ತು. ಉತ್ತರ ಬರೆಯಬೇಡಿ ಎಂದೂ ಇತ್ತು. ಆದರೆ ಹೇಳಿದ ಮಾತು ಕೇಳುವ ಜಾಯಮಾನ ದರ್ಜಿಯ ಗಂಡನದಲ್ಲ.

ಹಳದಿ ಸ್ವೆಟರ್ ಅವಳೇ ಹೆಣೆದದ್ದು. ಮೇಷ್ಟ್ರು ಪೊಲೀಸರಿಗೆ ಫೋನ್ ಮಾಡಿದರು.

*

ಪೊಲೀಸ್ ಠಾಣೆಯಿಂದ ಬಂದ ಇನ್ಸ್‌ಪೆಕ್ಟರ್ ಮೇಡಂಗೆ ಜೋರು ನೆಗಡಿ. ಕೈಯಲ್ಲಿ ಕರವಸ್ತ್ರ, ಮಾತು ಮೂಗಿನಲ್ಲಿ. ಮೊದಲು ಶಿಶುವಿಹಾರಕ್ಕೆ ಹೋಗಿಬಂದರು. ಆಮೇಲೆ ದರ್ಜಿಯನ್ನು ಮೆಟ್ಟಿಲ ಮರೆಗೆ ಕರೆದು ತಗ್ಗಿದ ದನಿಯಲ್ಲಿ ಹೇಳಿದರು: ಮಗು ಈಗ ಆಫೀಸಿನ ಒಳಕೋಣೆಯಲ್ಲಿ ಮಹಿಳಾ ಪೇದೆಯ ತೊಡೆಯ ಮೇಲಿದೆ, ಹಿಂಬಾಗಿಲಿಗೆ ಮಫ್ತಿಯಲ್ಲಿ ಜನ ಇದ್ದಾರೆ.

“ಹಾಗಾದ್ರೆ ನಾನು ಮಗಳನ್ನ ಕರ್ಕೊಂಡು ಹೊರಟುಬಿಡ್ತೀನಿ ಮೇಡಂ.”

“ಎಲ್ಲಿಗೆ? ಎಲ್ಲಿಗೆ ಹೋದ್ರೂ ನಾಳೆ ಅಲ್ಲಿಗೂ ಒಂದು ಪತ್ರ ಹೋಗುತ್ತೆ. ಸುದ್ದಿ ಮುಟ್ಟಿಸಿದವರು ಈ ಕೋಣೆಯಲ್ಲೇ ಇದ್ದಾರೆ ಕಣಮ್ಮ. ಮೊದಲು ಅವರು ಯಾರು ಅಂತ ಗೊತ್ತಾಗ್ಲಿ. ಅಲ್ಲೀವರೆಗೂ ನೀನು, ನಾನು ಈಗ ಹೇಳಿದ್ದೇನೂ ಗೊತ್ತಿಲ್ಲದೋಳ ಥರ ಕೂತಿರಬೇಕು.”

ಕೂತಿರಬೇಕು. ಯಾರ ನಡುವೆ? ಅವಳು ತನ್ನ ಜಾಗಕ್ಕೆ ಮರಳಿ ಸುತ್ತ ನೋಡಿದಳು. ನಿನ್ನೆಯವರೆಗೆ ಇವರೆಲ್ಲ ತನ್ನವರು. ಬಸ್ಸು ಓಡಿಸಿ ಬೆನ್ನು ನೋವು ತರಿಸಿಕೊಂಡು ಈಗ ಕುರ್ಚಿ ಕೆಲಸ ಹುಡುಕುತ್ತಿರುವ ಡ್ರೈವರ್, ಯಾವಾಗಲೂ ನಗಿಸುವವನು. ಬ್ಯಾಂಕಿನ ಕೌಂಟರಿನಲ್ಲಿ ವರ್ಷಗಟ್ಟಲೆ ಕುಳಿತು, ಶಾಖೆ ಮುಚ್ಚಿದ ಮೇಲೆ ಹೊಸದಾಗಿ ಕಲಿಯಲು ಬಂದ ಕ್ಯಾಷಿಯರಣ್ಣ. ಮಗಳ ಮುರಿದ ಗೊಂಬೆಗೆ ಕೈ ಅಂಟಿಸಿಕೊಟ್ಟವನು ಅವನೇ. ಮೇಷ್ಟ್ರು. ದೊಡ್ಡಮ್ಮ. ಯಾರ ಮುಖ ನೋಡಿದರೂ ಅದರ ಹಿಂದೆ ಇನ್ನೊಂದು ಮುಖ ಇದ್ದಂತೆ ಕಾಣಿಸುತ್ತಿತ್ತು. ಕಾರಿಡಾರಿನಲ್ಲಿ ಯಾರದೋ ಬೂಟಿನ ಸಪ್ಪಳವಾದರೆ ಬೆನ್ನು ತಾನಾಗಿಯೇ ಸೆಟೆಯುತ್ತಿತ್ತು.

ವಿಚಾರಣೆ ಅಲ್ಲೇ, ಎಲ್ಲರ ಎದುರೇ ನಡೆಯಿತು. ನಿನ್ನೆ ಬಿಡುವಿನಲ್ಲಿ ಲ್ಯಾಬಿನ ಬಾಗಿಲು ತೆರೆದೇ ಇತ್ತು. ಮೇಷ್ಟ್ರು ಚಾರ್ಜರ್ ತೆಗೆದುಕೊಳ್ಳಲು ಒಳಗೆ ಬಂದಿದ್ದರಂತೆ. ಡ್ರೈವರ್ ಬೆನ್ನು ನೋವೆಂದು ಸ್ವಲ್ಪ ಹೊತ್ತು ಒಳಗೇ ನೆಲದ ಮೇಲೆ ಮಲಗಿದ್ದನಂತೆ, ಅದೂ ಕಣ್ಣು ಮುಚ್ಚಿಕೊಂಡು. ಕ್ಯಾಷಿಯರಣ್ಣ ಮರೆತ ಛತ್ರಿಗಾಗಿ ಬಂದುಹೋದನಂತೆ. ಒಬ್ಬರೂ ಇನ್ನೊಬ್ಬರ ಕಂಪ್ಯೂಟರ್ ಮುಟ್ಟಿಲ್ಲ.

“ನೀವೆಲ್ಲಿದ್ರಿ ದೊಡ್ಡಮ್ಮ?”

ದರ್ಜಿಯ ಜೊತೆ ಶಿಶುವಿಹಾರಕ್ಕೆ ಮಗು ನೋಡಲು ಹೋಗಿದ್ದೆ ಎಂದಳು ದೊಡ್ಡಮ್ಮ. ಆಸ್ಪತ್ರೆಯಲ್ಲಿ ದಾದಿಯಾಗಿ ನಿವೃತ್ತಳಾದವಳು; ಮಕ್ಕಳೆಂದರೆ ಜೀವ. ಮೇಡಂ ದರ್ಜಿಯ ಕಡೆ ತಿರುಗಿದರು.

“ಪೂರ್ತಿ ಹೊತ್ತು ನಿನ್ನ ಜೊತೇಲಿದ್ರಾ?”

ಸುಳ್ಳು ಹೇಳಬಹುದಿತ್ತು. ನಾಲಿಗೆ ಹೊರಳಲಿಲ್ಲ. “ಇಲ್ಲ. ನೀರಿನ ಬಾಟ್ಲಿ ಮರೆತೆ, ನೀನು ನಡಿ ಅಂದ್ರು. ಆಮೇಲೆ ಬಂದ್ರು.”

ದೊಡ್ಡಮ್ಮ ಅವಳನ್ನೇ ನೋಡಿದಳು. ಆ ನೋಟ ಎದುರಿಸಲಾಗದೆ ದರ್ಜಿ ತಲೆ ತಗ್ಗಿಸಿದಳು.

ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. ಹೇಳಲು ಮನಸ್ಸಿಲ್ಲ, ಆದರೆ ಹೇಳಲೇಬೇಕು ಎಂದು ಶುರುಮಾಡಿದರು. ‘ಎದ್ದರೆ ಬೀಗ’ ಎನ್ನುವುದು ಅವರ ಮೊದಲ ಪಾಠ. ಕುರ್ಚಿ ಬಿಡುವ ಮುನ್ನ ಎರಡು ಕೀಲಿ ಒತ್ತಿ ಪರದೆ ಲಾಕ್ ಮಾಡಬೇಕು, ಮತ್ತೆ ಪಾಸ್‌ವರ್ಡ್ ಕೊಟ್ಟರೆ ಮಾತ್ರ ತೆರೆಯುತ್ತದೆ. ಇಡೀ ತರಗತಿಯಲ್ಲಿ ಇದನ್ನು ಕಲಿಯದೆ ದಿನವೂ ಬೈಸಿಕೊಳ್ಳುತ್ತಿದ್ದವಳು ದೊಡ್ಡಮ್ಮ. “ಆದ್ರೆ ನಿನ್ನೆ ಬಿಡುವು ಮುಗಿಸಿ ಬಂದಾಗ ಇವರ ಸ್ಕ್ರೀನ್ ಲಾಕ್ ಆಗಿತ್ತು ಮೇಡಂ. ನಾನೇ ನೋಡಿ ಶಹಬ್ಬಾಸ್ ಅಂದೆ. ಲಾಕ್ ಆಗಿದ್ದ ಕಂಪ್ಯೂಟರಿಗೆ ಬೇರೆಯವರು ಹೇಗೆ ಕೈ ಹಾಕ್ತಾರೆ?”

“ತಾನಾಗೇ ಲಾಕ್ ಆಗೋದಿಲ್ವಾ?”

“ಇಲ್ಲ. ಅದನ್ನ ತೆಗೆಸಿದ್ದೀನಿ. ಎಲ್ರೂ ಕೈಯಲ್ಲೇ ಮಾಡಿ ಕಲೀಲಿ ಅಂತ.”

“ದೊಡ್ಡಮ್ಮ, ಲಾಕ್ ಮಾಡಿದ್ದು ನೆನಪಿದೆಯಾ?”

ದೊಡ್ಡಮ್ಮನ ಮುಖ ಕಳೆಗುಂದಿತು. “ನೆನಪಿಲ್ಲ ತಾಯಿ. ಎಂದೂ ಹೊಗಳದೋರು ಹೊಗಳಿದ್ರು. ಕಡೇಗೂ ನನಗೆ ಬುದ್ಧಿ ಬಂತು ಅಂದ್ಕೊಂಡು ಸುಮ್ಮನಾದೆ.”

ಡ್ರೈವರ್ ಕೂಡ ನಗಲಿಲ್ಲ. ಕ್ಯಾಷಿಯರಣ್ಣ ಮರುಕದಿಂದ ನಾಲಿಗೆ ಲೊಚಗುಟ್ಟಿದ. ವಯಸ್ಸಾದವರು, ಯಾರೋ ಮರುಳು ಮಾಡಿರಬೇಕು, ಬಿಟ್ಟುಬಿಡಿ ಎಂದು ಮೇಡಂಗೆ ಹೇಳಿದ. ಮೇಡಂ ಕರವಸ್ತ್ರದಲ್ಲಿ ಮೂಗು ಒರೆಸಿಕೊಂಡರು. ಆಮೇಲೆ ಎಲ್ಲರೂ ತಮ್ಮ ಕಂಪ್ಯೂಟರಿನಲ್ಲೇ, ಮೇಷ್ಟ್ರೂ ಸೇರಿ, ನಿನ್ನೆ ಬಿಡುವಿನಲ್ಲಿ ಕಂಡದ್ದನ್ನು ಬರೆದುಕೊಡಬೇಕೆಂದು ಹೇಳಿ ಹೊರಗೆ ಹೋದರು.

ಕೀಲಿಗಳ ಟಕಟಕ. ಬೇರೆ ಸದ್ದಿಲ್ಲ. ದರ್ಜಿ ಬರೆಯುತ್ತ ಬರೆಯುತ್ತ ಗೋಡೆಯ ಗಡಿಯಾರ ನೋಡಿದಳು. ಮಧ್ಯಾಹ್ನ ಹತ್ತಿರವಾಗುತ್ತಿತ್ತು.

ಇದ್ದಕ್ಕಿದ್ದಂತೆ ಬೆಂಕಿಯ ಗಂಟೆ ಹೊಡೆದುಕೊಂಡಿತು.

ಕಿವಿ ಸೀಳುವ ಸದ್ದು. ಕುರ್ಚಿಗಳು ಉರುಳಿದವು. ಅವಳಿಗೆ ನೆನಪಿರುವುದು ತನ್ನ ಕಾಲುಗಳು ಮಾತ್ರ — ಮೆಟ್ಟಿಲುಗಳನ್ನು ಅವು ಇಳಿದವೋ ಹಾರಿದವೋ. ಗಂಡನೇ ಹಚ್ಚಿದ್ದು. ಬೆಂಕಿ ಹಚ್ಚಿ, ಗಲಾಟೆಯಲ್ಲಿ ಮಗುವನ್ನು ಎತ್ತಿಕೊಂಡು ಹೋಗುತ್ತಾನೆ. ಆಫೀಸಿನ ಬಾಗಿಲಿಗೆ ಭುಜ ಕೊಟ್ಟು ನುಗ್ಗಿದಳು.

ಮಗಳು ಪೇದೆಯ ಟೋಪಿ ಹಾಕಿಕೊಂಡು ಬಣ್ಣ ಬಳಿಯುತ್ತಿದ್ದಳು. “ಅಮ್ಮ, ಗಂಟೆ,” ಎಂದಳು.

ಬೆಂಕಿ ಇರಲಿಲ್ಲ. ಗಂಟೆ ಬಾರಿಸಲು ಹೇಳಿದವರು ಮೇಡಂ.

*

ಎಲ್ಲರನ್ನೂ ಮತ್ತೆ ಲ್ಯಾಬಿಗೆ ಕರೆಸಿದಾಗ ಮೇಡಂ ಸಾಲುಗಳ ನಡುವೆ ನಿಂತಿದ್ದರು. ಮಗು ದರ್ಜಿಯ ಸೊಂಟದ ಮೇಲಿತ್ತು. ಅವಳು ಇನ್ನು ಕೆಳಗಿಳಿಸುವುದಿಲ್ಲ ಎಂದಿದ್ದಳು.

“ಲಾಕ್ ಆಗಿತ್ತು, ಅದಕ್ಕೇ ದೊಡ್ಡಮ್ಮನೇ ಅಂದ್ರಿ ಮೇಷ್ಟ್ರೇ. ನಾನು ತಿರುಗಿಸಿ ನೋಡ್ದೆ. ಇವರು ಬಂದಾಗ ಲಾಕ್ ಆಗಿತ್ತು, ಸರಿ. ಹೋಗುವಾಗ? ಯಾರಿಗೂ ಗೊತ್ತಿಲ್ಲ. ಎಂದೂ ಲಾಕ್ ಮಾಡದೋರು ನಿನ್ನೆಯೂ ಹಾಗೇ ಎದ್ದು ಹೋದ್ರು ಅಂತಿಟ್ಕೊಳ್ಳಿ. ಆ ಕುರ್ಚಿಗೆ ಇನ್ನೊಬ್ಬರು ಬಂದು ಕೂತ್ರು. ಪತ್ರ ಬರೆದ್ರು, ಅಳಿಸಿದ್ರು, ಎದ್ರು. ಏಳುವಾಗ ಅವರ ಕೈ ತನ್ನಷ್ಟಕ್ಕೆ ತಾನು ಎರಡು ಕೀಲಿ ಒತ್ತಿಬಿಡ್ತು.”

ಮೇಡಂ ಸಾಲಿನ ಕೊನೆಯವರೆಗೆ ನಡೆದರು.

“ಪಾಠ ಕಲಿತೋರು ನೆನಪಿದ್ದಾಗ ಲಾಕ್ ಮಾಡ್ತಾರೆ. ಪ್ರಾಣಭಯದಲ್ಲಿ ಪಾಠ ಎಲ್ಲಿ ನೆನಪಿರುತ್ತೆ? ಗಂಟೆ ಹೊಡೆದಾಗ ಯಾರ ಕೈ ಮರೆಯೋದಿಲ್ಲ ಅಂತ ನೋಡ್ಬೇಕಿತ್ತು. ನೀವೇ ನೋಡಿ.”

ಡ್ರೈವರನ ಪರದೆಯ ಮೇಲೆ ಅರ್ಧಕ್ಕೆ ನಿಂತ ವಾಕ್ಯ ಬೆಳಗುತ್ತಿತ್ತು. ದರ್ಜಿಯದೂ ತೆರೆದಿತ್ತು. ದೊಡ್ಡಮ್ಮನದು ಎಂದಿನಂತೆ. ದಿನವೂ ಬೀಗದ ಉಪದೇಶ ಮಾಡುವ ಮೇಷ್ಟ್ರದು ಕೂಡ ಹಾಡಹಗಲಿನಂತೆ ತೆರೆದುಕೊಂಡಿತ್ತು; ಅವರು ಕಿವಿಯವರೆಗೂ ಕೆಂಪಾದರು. ಕಿಟಕಿಯ ಪಕ್ಕದ ಒಂದೇ ಒಂದು ಪರದೆಯ ಮೇಲೆ ನೀಲಿ ಬೆಟ್ಟದ ಚಿತ್ರ, ಕೆಳಗೆ ಪಾಸ್‌ವರ್ಡ್ ಕೇಳುವ ಖಾಲಿ ಚೌಕ.

ಅದು ಕ್ಯಾಷಿಯರಣ್ಣನ ಜಾಗ.

“ಕೌಂಟರ್ ಬಿಟ್ಟು ಏಳೋ ಮುಂಚೆ ಲಾಕ್ ಮಾಡ್ದೆ ಇದ್ರೆ ಬ್ಯಾಂಕಲ್ಲಿ ಸುಮ್ಮನೆ ಬಿಡ್ತಿದ್ರಾ ಅಣ್ಣ?” ಮೇಡಂ ಮೆತ್ತಗೆ ಕೇಳಿದರು. “ಅಭ್ಯಾಸ ಸಾಕ್ಷಿ ಅಲ್ಲ, ಗೊತ್ತು. ಎಲ್ಲಿ ಹುಡುಕಬೇಕು ಅಂತ ಮಾತ್ರ ಹೇಳುತ್ತೆ. ನಿಮ್ಮ ಫೋನ್ ಕೊಡಿ.”

ಅವನು ಕೊಟ್ಟ. ಅದರೊಳಗೆ ಮಗುವಿನ ಚಿತ್ರವಿತ್ತು. ದರ್ಜಿಯ ಗಂಡ ಅಂತರ್ಜಾಲದಲ್ಲಿ ಹಾಕಿದ್ದ ಚಿತ್ರ, ಕೆಳಗೆ ಅವನ ಗೋಳು: ಹೆಂಡತಿ ಮಗಳನ್ನು ಕದ್ದೊಯ್ದಿದ್ದಾಳೆ, ಕಂಡವರು ತಿಳಿಸಿ.

“ನಾನು ಕೆಟ್ಟದ್ದು ಮಾಡ್ಬೇಕು ಅಂತ ಮಾಡ್ಲಿಲ್ಲ,” ಎಂದ ಕ್ಯಾಷಿಯರಣ್ಣ. ದರ್ಜಿಯ ಕಡೆ ತಿರುಗಿದ. “ಗಂಡ ದೂರದಲ್ಲಿ ಕೆಲಸದಲ್ಲಿದ್ದಾರೆ ಅಂದ್ರಿ. ಸುಳ್ಳು. ನನ್ನ ಹೆಂಡ್ತೀನೂ ಮಕ್ಕಳನ್ನ ಹೀಗೇ ಕರ್ಕೊಂಡು ಹೋದ್ಲು. ಅವರ ಮುಖ ನೋಡಿ ಎಷ್ಟು ವರ್ಷ ಆಯ್ತು ಅಂತ ನನಗೇ ಲೆಕ್ಕ ತಪ್ಪಿದೆ. ಅವನೂ ಅಪ್ಪ ಅಲ್ವಾ?”

ದರ್ಜಿ ಮಗುವನ್ನು ದೊಡ್ಡಮ್ಮನ ಕೈಗೆ ಕೊಟ್ಟಳು. ಅವನಿಗೆ ಬೆನ್ನು ಮಾಡಿ, ಕುಪ್ಪಸದ ಕೊರಳನ್ನು ಒಂದು ಹೆಗಲಿಂದ ಕೆಳಗೆ ಸರಿಸಿದಳು. ಹೆಗಲ ಹಿಂಭಾಗದಲ್ಲಿ ತುದಿ ಚೂಪಾದ ಒಂದು ಕಲೆ, ಸುಟ್ಟು ಮಾಸಿದ್ದು. ಇಸ್ತ್ರಿ ಪೆಟ್ಟಿಗೆಯ ಆಕಾರ.

“ದರ್ಜಿಗೆ ಇಸ್ತ್ರಿ ತಾಗೋದು ಕೈಗೆ ಅಣ್ಣ,” ಎಂದಳು. “ಇಲ್ಲಿಗೆ ನನ್ನ ಕೈ ಎಟಕೋದಿಲ್ಲ.”

ಅವನು ಕುರ್ಚಿಯ ಮೇಲೆ ಕುಸಿದ.

ಅಷ್ಟರಲ್ಲಿ ಕೆಳಗಡೆ ಕಾರಿನ ಬಾಗಿಲು ಧಡಾರನೆ ಬಡಿಯಿತು. ದರ್ಜಿ ಕಿಟಕಿಗೆ ಹೋದಳು. ಶಿಶುವಿಹಾರದ ಹಿಂಬಾಗಿಲ ಬಳಿ ಮಫ್ತಿಯವರಿಬ್ಬರು ಅವಳ ಗಂಡನ ರಟ್ಟೆ ಹಿಡಿದಿದ್ದರು. ಕಾರಿನ ಎಂಜಿನ್ ಇನ್ನೂ ಓಡುತ್ತಿತ್ತು. ಅವನು ಒದ್ದಾಡಲಿಲ್ಲ. ತಲೆ ಎತ್ತಿ ಒಂದೊಂದೇ ಕಿಟಕಿ ನೋಡುತ್ತ ಬಂದು, ಅವಳ ಮೇಲೆ ಕಣ್ಣು ನಿಲ್ಲಿಸಿ, ನಕ್ಕ.

ಅವಳಿಗೆ ಹಿಂದೆ ಸರಿಯಲೂ ಆಗಲಿಲ್ಲ.

ದೊಡ್ಡಮ್ಮ ಮಗುವನ್ನು ಸೊಂಟಕ್ಕೇರಿಸಿಕೊಂಡು ಇಬ್ಬರ ನಡುವೆ ಬಂದು ನಿಂತಳು. ಕಿಟಕಿಯ ಬಾಗಿಲು ಎಳೆದಳು.

“ನಿಮ್ಮನ್ನ ಹಾಗೆ ಕೇಳಬಾರದಿತ್ತು ದೊಡ್ಡಮ್ಮ,” ಎಂದಳು ದರ್ಜಿ.

“ಕೇಳ್ದೆ ಇದ್ರೆ ಬೈತಿದ್ದೆ. ಮಗು ವಿಷಯದಲ್ಲಿ ನನ್ನನ್ನೂ ನಂಬಬೇಡ.”

ಹಾಗೆಂದು ದೊಡ್ಡಮ್ಮ ಕಿಟಕಿಯ ಚಿಲಕ ಹಾಕಿದಳು. ಎರಡು ಹೆಜ್ಜೆ ನಡೆದು, ಮತ್ತೆ ಹಿಂದಕ್ಕೆ ಬಂದು, ಚಿಲಕ ಬಿದ್ದಿದೆಯೇ ಎಂದು ಅಲುಗಿಸಿ ನೋಡಿದಳು.