ಧೂಮಕೇತುವಿನ ಖಾಲಿ ಪೆಟ್ಟಿಗೆ

ಪೆಟ್ಟಿಗೆ ಇತ್ತು, ಒಳಗಿನ ಧೂಮಕೇತು ಎಂಬ ಆಟಿಕೆ ರೋಬೋಟ್ ಇರಲಿಲ್ಲ. ಅದನ್ನು ಕಂಡು ನಂದಕಿಶೋರ ಹಾಕಿದ ಕೂಗಿಗೆ ಮಾಳಿಗೆಯ ಮೇಲೆ ಗಿರ್ಮಿಟ್ ತಿನ್ನುತ್ತಿದ್ದವರೆಲ್ಲ ತಟ್ಟೆ ಬಿಟ್ಟು ಕೆಳಗೆ ಓಡಿಬಂದರು. ಇಬ್ರಾಹಿಂಪುರದ ಅವನ ಮನೆಯಲ್ಲಿ ಮಂಚದ ಕೆಳಗೆ, ಕಪಾಟಿನ ಹಿಂದೆ, ಕಡೆಗೆ ಜೋಳದ ಹಿಟ್ಟಿನ ಡಬ್ಬಿಯೊಳಗೂ ಕೈಹಾಕಿ ನೋಡಿದ್ದಾಯಿತು. ಆಮೇಲೆ ನಂದಕಿಶೋರನ ಕಣ್ಣು ಮಾಲಾಳ ಚೀಲದ ಮೇಲೆ ಹೋಗಿ ನಿಂತಿತು. ಅವನು ಬಾಯಿಬಿಟ್ಟು ಏನೂ ಕೇಳಲಿಲ್ಲ, ನಿಜ. ಅಂಥ ನೋಟಕ್ಕೆ ಬಾಯಿ ಯಾಕೆ ಬೇಕು? ಮಾಲಾ ತಾನೇ ಚೀಲ ಬಿಚ್ಚಿ ಮೇಜಿನ ಮೇಲೆ ಸುರುವಿದಳು. ಬಣ್ಣದ ಪೆನ್ಸಿಲ್ಲು, ಸೀಮೆಸುಣ್ಣ, ಮಕ್ಕಳು ಬರೆದ ಚಿತ್ರಗಳು, ಒಂದು ಊಟದ ಡಬ್ಬಿ ಬಿದ್ದವು.

"ಸಮಾಧಾನ ಆತೇನ್ರಿ?" ಎಂದಳು.

ಸಂಗಮೇಶನ ಮೈಯೆಲ್ಲ ಉರಿದುಹೋಯಿತು. ಸ್ಟೇಷನ್ ರಸ್ತೆಯಲ್ಲಿ ಕನ್ನಡಕದ ಅಂಗಡಿ ಇಟ್ಟಿದ್ದ ಅವನಿಗೆ ಮೂಗಿನ ತುದಿಯಲ್ಲೇ ಸಿಟ್ಟು. ಮೇಲಾಗಿ ರೂಪ ಬದಲಿಸುವ ರೋಬೋಟ್ ಆಟಿಕೆಗಳನ್ನು ಕೂಡಿಹಾಕುವವರ ಈ ಕೂಟಕ್ಕೆ ಮಾಲಾಳನ್ನು ಕರೆತಂದವನು ಅವನೇ. ಟಿಕೋಟಾದ ಶಾಲೆಯೊಂದರಲ್ಲಿ ಕಲಿಸುತ್ತಿದ್ದ ಅವಳು ಖಾಲಿ ಬಿದ್ದ ಕೋಣೆಯೊಂದನ್ನು ಮಕ್ಕಳ ಆಟದ ಕೋಣೆ ಮಾಡಹೊರಟಿದ್ದಳು. ಕೂಟದವರು ತಮ್ಮಲ್ಲಿ ಹೆಚ್ಚಾದ ಆಟಿಕೆಗಳನ್ನು ಅಲ್ಲಿಗೆ ಕೊಡುವುದೆಂದು ಬೆಳಿಗ್ಗೆಯಷ್ಟೇ ಒಪ್ಪಿದ್ದರು.

"ಆ ಆಟದ ಕೋಣಿ ವಿಚಾರ ಸದ್ಯ ಬಿಡೂಣ್ರಿ," ಎಂದ ನಂದಕಿಶೋರ, ಯಾರ ಮುಖವನ್ನೂ ನೋಡದೆ.

"ಹಂಗ ಹೆಂಗ ಬಿಡ್ತೀಯೋ? ಯಾರೂ ಹೊರಗ ಕಾಲಿಡಬ್ಯಾಡ್ರಿ. ನಾ ರಾಧಾಬಾಯಾರನ್ನ ಕರಕೊಂಡು ಬರ್ತೇನಿ!" ಎಂದು ಸಂಗಮೇಶ ಚಪ್ಪಲಿ ಮೆಟ್ಟಿದವನೇ ಓಡಿದ.

ರಾಧಾಬಾಯಿ ಹಿಂದಿನ ಓಣಿಯಲ್ಲಿದ್ದರು. ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿ ನಿವೃತ್ತರಾದ ಮೇಲೆ ಓಣಿಯ ಬಗೆಹರಿಯದ ಸಂಗತಿಗಳೆಲ್ಲ ಅವರ ಅಂಗಳಕ್ಕೇ ಬರುತ್ತಿದ್ದವು. ಗುರುಪಾದಯ್ಯನವರ ಮನೆಯ ತಾಮ್ರದ ಕೊಡ ಬೀಗ ಹಾಕಿದ ಅಡುಗೆಮನೆಯಿಂದ ಮಾಯವಾದ ಗುಟ್ಟನ್ನು ಒಡೆದವರು ಅವರೇ. ಪ್ರತಿ ಸಲವೂ ಸಂಗಮೇಶ ಜೊತೆಗಿರುತ್ತಿದ್ದ, ಪ್ರತಿ ಸಲವೂ ತಪ್ಪು ಮನುಷ್ಯನನ್ನೇ ಹಿಡಿಯುತ್ತಿದ್ದ. ಆದರೂ ಅವನಿಲ್ಲದೆ ಬಾಯಾರು ಹೆಜ್ಜೆ ಎತ್ತಿಡುತ್ತಿರಲಿಲ್ಲ.

"ಈ ಸಲ ನನಗ ಗೊತ್ತಾಗೇತ್ರಿ. ಧನಶ್ರೀನ ಕದ್ದಾಳ," ಎಂದ ಅವನು ದಾರಿಯಲ್ಲಿ. "ಬಬಲೇಶ್ವರದಾಗ ಹಲ್ಲಿನ ಡಾಕ್ಟರ್ ಅದಾಳಲ್ರಿ, ಆಕಿ. ಭೆಟ್ಟಿ ಆದಾಗೊಮ್ಮಿ 'ಧೂಮಕೇತು ನನಗ ಕೊಡು' ಅಂತ ನಂದಕಿಶೋರನ ಜೀವಾ ತಿಂತಿದ್ಳು."

"ಹಂಗಾರ ಆಕಿ ಅಲ್ಲ ಬಿಡಪಾ," ಎಂದರು ಬಾಯಾರು.

ನಂದಕಿಶೋರನ ಹೊಸ್ತಿಲ ಬಳಿ ಬಾಯಾರು ನಿಂತೇಬಿಟ್ಟರು. ಬಾಗಿಲ ಪಕ್ಕದ ಕಟ್ಟೆಯ ಮೇಲೆ ಬಂದವರ ಪಾದರಕ್ಷೆಗಳು ರಾಶಿ ಬಿದ್ದಿದ್ದವು. ಕೂಟದ ಸದಸ್ಯ ಪರಮೇಶ್ವರನ ಕೊಲ್ಹಾಪುರಿ, ಧನಶ್ರೀಯ ಎತ್ತರದ ಹಿಮ್ಮಡಿಯ ಚಪ್ಪಲಿ, ಮಾಲಾಳ ಸವೆದ ಸ್ಯಾಂಡಲ್, ಮನೆಯವರ ಹವಾಯಿಗಳು, ಅವುಗಳ ಹಿಂದೆ ಗೋಡೆಗೆ ಒರಗಿದ ಒಂದು ಪುಟ್ಟ ಕೆಂಪು ಬೂಟು.

"ಮನ್ಯಾಗ ಸಣ್ಣ ಹುಡುಗ್ರು ಅದಾರೇನು?" ಎಂದು ಬಾಯಾರು ಕೇಳಿದರು.

"ಇಲ್ರಿ. ನಾನು, ನಮ್ಮವ್ವ, ಇಬ್ಬರ," ಎಂದ ನಂದಕಿಶೋರ.

ಇಂಥ ಹೊತ್ತಿನಲ್ಲಿ ಇದೆಂಥ ಕುಶಲ ಸಮಾಚಾರ ಎಂದು ಸಂಗಮೇಶ ಹಲ್ಲು ಕಡಿದ.

ಒಳಗೆ ಕೂತು ಬಾಯಾರು ಪೆಟ್ಟಿಗೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಮುಂದೆ ಕೆಂಪು ರೋಬೋಟ್ ಎದೆಸೆಟೆಸಿ ನಿಂತ ಚಿತ್ರ, ಅದರಡಿ ಒಬ್ಬ ಹೆಸರಾಂತ ಕ್ರಿಕೆಟಿಗನ ಸಹಿ. ಮುಚ್ಚಳದ ಅಂಟುಪಟ್ಟಿ ಹರಿದಿರಲಿಲ್ಲ. ಯಾರೋ ಉಗುರಿನಿಂದ ಮೆಲ್ಲಗೆ ಎಬ್ಬಿಸಿ, ಒಳಗಿನ ರಟ್ಟನ್ನು ಇದ್ದ ಹಾಗೇ ಮಡಚಿಟ್ಟಿದ್ದರು.

"ನಂದಕಿಶೋರ, ನೀನು ಇದನ್ನ ಎಂದೂ ತೆಗದಿಲ್ಲ?"

"ಇಲ್ರಿ ಬಾಯಾರ! ಸೀಲ್ ಒಡದ್ರ ಅದರ ಕಿಮ್ಮತ್ತ ಹೋತು."

ಎಲ್ಲರೂ ಮಾಳಿಗೆಯಲ್ಲಿದ್ದಾಗ ಕೆಳಗೆ ಇಳಿದವರು ಮೂವರು. ಮಾಲಾ ಕೈ ತೊಳೆಯಲು, ಧನಶ್ರೀ ಫೋನು ಚಾರ್ಜಿಗೆ ಹಾಕಲು, ಬ್ಯಾಂಕ್ ಮ್ಯಾನೇಜರ್ ಪರಮೇಶ್ವರ ಯಾರದೋ ಕರೆ ಬಂತೆಂದು. ಯಾರು ಎಲ್ಲಿದ್ದರೆಂದು ಬಾಯಾರು ಮತ್ತೆ ಕೇಳಲೇ ಇಲ್ಲ. ಎದ್ದು ಹೋಗಿ ಅಡುಗೆಮನೆಯಲ್ಲಿ ನೀರು ಕುಡಿದು, ಹೊಸ್ತಿಲವರೆಗೆ ಅಡ್ಡಾಡಿ ಬಂದು, "ನನಗ ಈ ಆಟಿಗಿ ಸಾಮಾನಿನ ಗಂಧಗಾಳಿ ಇಲ್ಲ. ಧೂಮಕೇತು ಬಗ್ಗೆ ನಿಮ್ಮ ನಿಮ್ಮ ಅಭಿಪ್ರಾಯ ಹೇಳ್ರಿ," ಎಂದರು.

ಕೇಳಿದ್ದೇ ತಡ! ಕಳ್ಳತನವನ್ನೂ ಮರೆತು ಎಲ್ಲರೂ ನೆಟ್ಟಗೆ ಕೂತರು.

"ಬೂಟಿನ ಕಂಪನಿ, ರೋಬೋಟಿನ ಕಂಪನಿ ಎರಡೂ ಕೂಡಿ ಮಾಡಿದ್ದು ಬಾಯಾರ," ಎಂದಳು ಧನಶ್ರೀ. "ಕ್ರಿಕೆಟ್ ಆಡೋ ಮನಷ್ಯಾನ ಕೂತು ನಕ್ಷಾ ತಗದಾನ ಅಂದ್ರ ಅದರಾಗೊಂದು ಜೀವಾ ಇರತೈತಿ. ಮತ್ತ ಬೂಟಿನ ಲೇಸು ಯಾವ ಬಣ್ಣದ್ದು ಅಂತ ಪೆಟ್ಟಿಗಿ ಮ್ಯಾಲೆ ಹಾಕಿಲ್ರಿ. ಒಂದೊಂದರಾಗ ಒಂದೊಂದು ಬರತೈತಿ. ತಗದವರಿಗೇ ಗೊತ್ತು, ಅದ ಮಜಾ."

"ಸಹಿ ಯಾರದರ ಇರಲಿ, ನನಗ ಆಡಾಕ ಬರಬೇಕ್ರಿ," ಎಂದಳು ಮಾಲಾ ನೆಲ ನೋಡುತ್ತ. "ತಗೀರಿ, ಒಮ್ಮಿ ತಿರುವಿ ನೋಡೂಣು ಅಂತ ಬೆಳಿಗ್ಗೆ ಎಲ್ಲಾರ ಮುಂದ ಕೇಳಿದ್ದೆ. ಅದ ನನಗ ಮುಳುವಾತು."

ಪರಮೇಶ್ವರ ಕೈ ಝಾಡಿಸಿದ. ಒಂದು ವರ್ಷದಿಂದ ಕೂಟದ ವಾಟ್ಸಾಪ್ ಗುಂಪಿನಲ್ಲಿ ಧೂಮಕೇತುವನ್ನು ಬೈದು ಬೈದು ಗಂಟಲು ಒಣಗಿಸಿಕೊಂಡವನು ಅವನು. "ಲಾರಿ ರೋಬೋಟ್ ಆಗಬೇಕು, ವಿಮಾನ ರೋಬೋಟ್ ಆಗಬೇಕು. ಕಾಲಾಗ ಹಾಕೋದು ಎದ್ದು ನಿಂತು ಯುದ್ಧಾ ಮಾಡತೈತೇನ್ರಿ? ಚಂಡು ಹೊಡಿಯೋನಿಗೆ ಇದರಾಗೇನು ತಿಳೀತೈತಿ? ಕೆಂಪು ಬೂಟಿಗೆ ಹಸರ ಲೇಸು ಅಂತ, ಥೂ! ಕಣ್ಣಿಗೆ ಚುಚ್ಚತೈತಿ."

"ಆತು, ಮುಗೀತು," ಎಂದರು ಬಾಯಾರು. ಸಂಗಮೇಶ ಕಣ್ಣು ಪಿಳುಕಿಸಿದ. ಏನು ಮುಗಿಯಿತೋ ಅವನಿಗೆ ಹೊಳೆಯಲಿಲ್ಲ.

"ಎಲ್ಲಾರೂ ಕೇಳ್ರಿ. ಇದು ಕಳುವಲ್ಲ," ಎಂದು ಬಾಯಾರು ಶುರುಮಾಡಿದರು. "ಕಳ್ಳ ಆಗಿದ್ರ ಪೆಟ್ಟಿಗಿ ಸೈತ ಒಯ್ತಿದ್ದ. ಪೆಟ್ಟಿಗಿ ಇಲ್ಲದ ಆಟಿಗಿಗೆ ನಿಮ್ಮೊಳಗ ಅರ್ಧಾ ಕಿಮ್ಮತ್ತಂತ ನಿಮಗ ಗೊತ್ತಿಲ್ಲೇನು? ಪಟ್ಟಿ ಹರೀದಂಗ ತಗದು, ರಟ್ಟು ಮಡಚಿ ಇಟ್ಟಾನ ಅಂದ್ರ ಅದನ್ನ ತಿರುಗಿ ಇಡಾವ ಇದ್ದ. ಒಂದ ಸಲ ಮುಟ್ಟಿ ನೋಡೋ ಆಸೆ, ಅಷ್ಟ."

"ಹಂಗಿದ್ರ ನನ್ನ ಕೇಳಬೌದಿತ್ತಲ್ರಿ?" ಎಂದ ನಂದಕಿಶೋರ.

"ಅಲ್ಲೇ ಐತಿ ನೋಡು ಗಂಟು. ಧನಶ್ರೀ ಬಾಯಿಬಿಟ್ಟು ಕೇಳಾಕಿ. ಮಾಲಾ ಎಲ್ಲಾರ ಎದುರಿಗೇ ಕೇಳ್ಯಾಳ. ಕೇಳಾಕ ಬಾಯಿ ಇಲ್ಲದಾವ ಒಬ್ಬನ. ವರ್ಷಗಟ್ಟಲೆ ಬೈದಾವ ಈಗ ಯಾವ ಮುಖಾ ಇಟ್ಟಕೊಂಡು ಕೇಳಬೇಕು?"

ಎಲ್ಲರ ಕತ್ತು ಪರಮೇಶ್ವರನತ್ತ ತಿರುಗಿತು.

"ಬಾಯಾರ, ಏನ ಮಾತಾಡ್ತೀರಿ!" ಎಂದ ಅವನು. "ಹಂಗಾರ ಮಾಲು ಎಲ್ಲೈತಿ? ಮನಿಯೆಲ್ಲಾ ಹುಡುಕೀವಿ!"

"ನೀವು ರೋಬೋಟ್ ಹುಡುಕೀರಿ. ಎರಡು ಕೈ, ಎರಡು ಕಾಲು, ಒಂದು ತಲಿ. ಪೆಟ್ಟಿಗ್ಯಾಗಿಂದ ತಗದು ಆಡಿದ್ದಿದ್ರ ಅದರ ಇನ್ನೊಂದು ರೂಪ ನೆನಪಾಗತಿತ್ತು. ಸಂಗಮೇಶಾ, ಹೊರಗ ಕಟ್ಟಿಮ್ಯಾಲೆ ಒಂಟಿ ಬೂಟು ಐತಿ, ತಗೊಂಡು ಬಾ."

ಸಂಗಮೇಶ ತಂದಿಟ್ಟ. ಗೇಣುದ್ದದ ಕೆಂಪು ಬೂಟು. ಅದಕ್ಕೆ ಎಲೆ ಹಸಿರು ಬಣ್ಣದ ಲೇಸು. ನಂದಕಿಶೋರ ಬಾಯಿಯ ಮೇಲೆ ಕೈಯಿಟ್ಟುಕೊಂಡ. ಆ ರಾಶಿಯನ್ನು ಅವನು ಎಷ್ಟು ಸಲ ದಾಟಿ ಹೋಗಿದ್ದನೋ!

"ಹುಡುಗ್ರಿಲ್ಲದ ಮನ್ಯಾಗ ಹುಡುಗರ ಬೂಟು, ಅದೂ ಒಂದ. ನಾ ಒಳಗ ಬರೂವಾಗ ನೋಡೇನಿ, ನೀರು ಕುಡಿಯಾಕ ಎದ್ದಾಗ ಲೇಸಿನ ಬಣ್ಣಾನೂ ನೋಡಿಕೊಂಡೆ," ಎಂದರು ಬಾಯಾರು. "ಮುಚ್ಚಿದ ಪೆಟ್ಟಿಗ್ಯಾಗಿನ ಲೇಸು ಹಸರು ಅಂತ ನಿನಗ ಹೆಂಗ ಗೊತ್ತಾತು, ಪರಮೇಶ್ವರ?"

ಪರಮೇಶ್ವರನ ಮುಖ ಬೆವರಿತು. "ಬೂಟ್ ಮಾಡೋತನಕ ಭಾಳ ಚಂದ ಆತ್ರಿ," ಎಂದ. "ತಿರುಗಿ ರೋಬೋಟ್ ಮಾಡಾಕ ಹೋದೆ, ಬರವಲ್ದು. ಬೂಟು ಪೆಟ್ಟಿಗ್ಯಾಗ ಕೂಡವಲ್ದು. ಮಾಳಿಗಿ ಮೆಟ್ಟಲಾಗ ಸಪ್ಪಳಾತು. ಕೈಗೆ ಹತ್ತಿರ ಇದ್ದದ್ದು ಆ ಕಟ್ಟಿ. ಸಂದು ನೋಡಿ ತಿರುಗಿ ಪೆಟ್ಟಿಗ್ಯಾಗ ಇಡೂಣು ಅಂದ್ರ ಅಷ್ಟರಾಗ ಕೂಗಾಟ ಆತು. ಧೈರ್ಯ ಸಾಲಲಿಲ್ರಿ."

"ತಗದದ್ದು ಹುಡುಗಾಟಿಕಿ, ಅದಕ್ಕ ನಾ ಏನೂ ಅನ್ನೂದಿಲ್ಲ," ಎಂದರು ಬಾಯಾರು. ಮೊದಲ ಸಲ ಅವರ ದನಿ ಗಡುಸಾಯಿತು. "ಆದ್ರ ಈ ಹುಡಿಗಿ ಚೀಲಾ ಸುರುವಿದಾಗ ನೀ ಬಾಯಿ ಮುಚಗೊಂಡು ನಿಂತಿದ್ದಿ. ಅದು ಹುಡುಗಾಟಿಕಿ ಅಲ್ಲ."

ಪರಮೇಶ್ವರ ಎದ್ದು ಮಾಲಾಳ ಮುಂದೆ ಕೈಮುಗಿದ. "ತಪ್ಪಾತ್ರಿ ಟೀಚರ್." ಹಿಂದೆಯೇ ನಂದಕಿಶೋರನೂ ಅದನ್ನೇ ಹೇಳಿದ.

ಮಾಲಾ ಕಣ್ಣೊರೆಸಿಕೊಂಡಳು. "ಇಷ್ಟಕ್ಕ ಮುಗೀಲಿಲ್ರಿ ಸರ್. ಪ್ರತಿ ರವಿವಾರ ಟಿಕೋಟಾಕ್ಕ ಬಂದು ಹುಡುಗರ ಕೂಡ ಆಡಬೇಕು. ನಿಮಗೂ ಆಡಾಕ ಕಲತಂಗ ಆಗತೈತಿ."

ಅಷ್ಟೂ ಜನ ನಕ್ಕುಬಿಟ್ಟರು. ಅವಳು ಬೂಟನ್ನು ಕೈಗೆತ್ತಿಕೊಂಡು, ಜಗ್ಗದೆ ಒತ್ತದೆ, ಎಲ್ಲಿ ತಿರುಗುತ್ತದೋ ಅಲ್ಲಷ್ಟೇ ತಿರುವುತ್ತ ಹೋದಳು. ಹಿಮ್ಮಡಿ ಬಿಚ್ಚಿ ಕಾಲುಗಳಾದವು, ಬೂಟಿನ ನಾಲಿಗೆ ಮಡಚಿ ಎದೆಯಾಯಿತು, ಹಸಿರು ಲೇಸು ಹೆಗಲ ಮೇಲಿನ ಶಲ್ಯವಾಯಿತು. ಧೂಮಕೇತು ಮೇಜಿನ ಮೇಲೆ ನಿಂತಿತು. ಅದನ್ನು ಕೊಂಡು ತಂದು ಕಪಾಟಿನಲ್ಲಿ ಕೂರಿಸಿದ್ದ ನಂದಕಿಶೋರ ಅದು ನಿಂತದ್ದನ್ನು ಕಂಡದ್ದು ಅವತ್ತೇ.

"ಕಿಮ್ಮತ್ತ ಹೋತಲ್ಲೋ," ಎಂದು ಸಂಗಮೇಶ ಚುಡಾಯಿಸಿದ.

"ಹೋದ್ರ ಹೋಗವಲ್ದ್ಯಾಕ," ಎಂದ ನಂದಕಿಶೋರ, ಅದರ ಮೇಲಿನ ಕಣ್ಣು ಕೀಳದೆ. "ಮೊದಲ ಇದನ್ನ ಟಿಕೋಟಾಕ್ಕ ಒಯ್ರಿ."

ಆಟದ ಕೋಣೆ ತೆರೆದ ದಿನ ಸಂಗಮೇಶ ಬಾಯಾರನ್ನು ಸ್ಕೂಟರಿನ ಮೇಲೆ ಕರೆದೊಯ್ದ. ಒಳಗೆ ಪರಮೇಶ್ವರ ನೆಲದ ಮೇಲೆ ಕೂತು ಮಕ್ಕಳಿಂದ ಬೈಸಿಕೊಳ್ಳುತ್ತಿದ್ದ. "ಹಂಗಲ್ರಿ ಸರ್, ಮೊದಲ ತಲಿ ತಿರುವ್ರಿ!" ಬಾಗಿಲಲ್ಲಿ ಪುಟ್ಟ ಪುಟ್ಟ ಚಪ್ಪಲಿಗಳು ಸಾಲಾಗಿದ್ದವು. ಕೊನೆಗೆ ಒಂದು ಕೆಂಪು ಬೂಟು, ಹಸಿರು ಲೇಸಿನದು.

ಬಾಯಾರು ಬಗ್ಗಿ ಅದನ್ನೆತ್ತಲು ಹೋದರು. ಹೊಸ್ತಿಲಲ್ಲಿ ಕೂತಿದ್ದ ಹುಡುಗಿಯೊಬ್ಬಳು ತುಟಿಯ ಮೇಲೆ ಬೆರಳಿಟ್ಟಳು. "ಮುಟ್ಟಬ್ಯಾಡ್ರಿ ಅಜ್ಜಿ. ಆಡಿ ಆಡಿ ದಣದೈತಿ, ಈಗರ ಮಲಕ್ಕೊಂಡೈತಿ."

ಬಾಯಾರು ಸಪ್ಪಳವಾಗದಂತೆ ತಮ್ಮ ಚಪ್ಪಲಿಯನ್ನು ಅದರ ಪಕ್ಕದಲ್ಲಿ ಬಿಟ್ಟು ಒಳಗೆ ಹೋದರು.