ಊದದೇ ಬಿಟ್ಟ ಸೀಟಿ

ಕೆಂಪು ಕಾರ್ಡು ಅವಳ ಮುಖದೆದುರೇ ಎದ್ದು ನಿಂತಿತು.

"ಹೊರಗ ನಡೀರಿ," ಎಂದ ರೆಫರಿ ಮುಬಶೀರ.

ಸುಹಾನಾ ಕದಲಲಿಲ್ಲ. ಎಡಹುಬ್ಬಿನ ಪಟ್ಟಿ ನೆನೆದು ರಕ್ತ ಕಣ್ಣಿಗಿಳಿಯುತ್ತಿತ್ತು. ಹಾನಗಲ್ಲಿನ ಫುಟ್‌ಬಾಲ್ ಮೈದಾನದ ಸುತ್ತ ಜನ ಕಿಕ್ಕಿರಿದಿದ್ದರು. ಎರಡೇ ನಿಮಿಷದ ಆಟ ಬಾಕಿ, ಅವಳ ಶಿಗ್ಗಾಂವಿ ತಂಡ ಒಂದು ಗೋಲು ಮುಂದೆ. ಹಿರೇಕೆರೂರಿನ ಮಲ್ಲಿಕಾ ಒಬ್ಬಳೇ ಚೆಂಡಿನೊಂದಿಗೆ ನುಗ್ಗಿದ್ದಳು. ಕೊನೆಯ ಡಿಫೆಂಡರ್ ಸುಹಾನಾ ಹಿಂದಿನಿಂದ ಕಾಲು ಕೊಟ್ಟು ಕೆಡವಿದ್ದಳು.

"ಸಮಾಧಾನ ಆತಿಲ್ರಿ?" ಎಂದಳು, ಅವನಿಗಷ್ಟೇ ಕೇಳುವಂತೆ. "ನಿಮ್ಮ ಅಮ್ಮೀ ಹೇಳಿದ ಕೆಲಸಾ ಮುಗಿಸಿದ್ರಿ!"

"ಅಮ್ಮೀ...? ಏನಂದ್ರು?"

ಅವಳು ಬೆನ್ನು ತಿರುಗಿಸಿ ನಡೆದಳು. ಗೆರೆ ದಾಟಿದಳು. ಅವಳಿಗಾಗಿಯೇ ಬೆಂಗಳೂರಿನಿಂದ ಬಂದಿದ್ದ ಕ್ಲಬ್ಬಿನ ಕೋಚ್ ಮೇಡಂ ತಮ್ಮ ಟಿಪ್ಪಣಿ ವಹಿ ಮುಚ್ಚಿ ಎದ್ದರು.

ಎರಡು ವರ್ಷ ಗೋವಾದ ಕ್ಲಬ್ಬಿಗೆ ಆಡಿದವಳು ಸುಹಾನಾ. ಆ ಕ್ಲಬ್ಬು ಮುಚ್ಚಿದ ಮೇಲೆ ಬಂಕಾಪುರದ ಮನೆಯಲ್ಲಿ ಕುಳಿತಿದ್ದಳು. ಇಪ್ಪತ್ಮೂರು ವಯಸ್ಸು. ಬೆಂಗಳೂರಿನ ಈ ಕ್ಲಬ್ಬಿನದೊಂದು ದಾರಿ ಉಳಿದಿತ್ತು... ಇನ್ನೊಂದು ದಾರಿ, ಮದುವೆ!

ಅದೂ ಇದೇ ಮುಬಶೀರನೊಂದಿಗೆ.

ನಾಲ್ಕು ದಿನದ ಹಿಂದೆ ಅವನ ತಾಯಿ ಮುಮ್ತಾಜಬೇಗಂ ಸವಣೂರಿನಿಂದ ಬಂದಿದ್ದಳು. ಚಹಾ ಕುಡಿದು, ಹುಡುಗಿಯನ್ನು ಮೇಲಿಂದ ಕೆಳಗೆ ನೋಡಿ, "ಚೊಲೊ ಅದಾಳ. ಆದ್ರ ನಿಕಾಹ್ ಆದಮ್ಯಾಲ ಚಡ್ಡಿ ಹಾಕ್ಕೊಂಡು ಓಡೂದು ನಡಿಯಂಗಿಲ್ಲ," ಎಂದಿದ್ದಳು.

"ಐತವಾರ ಮ್ಯಾಚ್ ಮುಗೀಲಿ ಚಾಚಿ. ಆಮ್ಯಾಲ ಹೇಳ್ತೇನಿ," ಎಂದಿದ್ದಳು ಸುಹಾನಾ.

ನಿಜ ಹೇಳಬೇಕೆಂದರೆ, ಹೂಂ ಅನ್ನುವ ಮನಸ್ಸೇ ಇತ್ತು. ಮೂರು ವರ್ಷ ಅವಳು ಊರಿಗೆ ಬಂದಾಗ ಆಡಿದ ಪಂದ್ಯಗಳಿಗೆಲ್ಲ ಅವನೇ ಲೈನ್ಸ್‌ಮನ್; ರೆಫರಿ ಪರೀಕ್ಷೆ ಪಾಸಾದದ್ದು ಈ ವರ್ಷ. ಲೈನ್ಸ್‌ಮನ್ ಅಂದರೆ ಕೊನೆಯ ಡಿಫೆಂಡರಿನ ಸಮಕ್ಕೆ ಓಡಬೇಕು. ಗೆರೆಯ ಒಳಗೆ ಅವಳು, ಹೊರಗೆ ಅವನು. ಅವಳು ಒಂದು ಹೆಜ್ಜೆ ಮುಂದೆ ಬಂದರೆ ಅವನೂ ಒಂದು ಹೆಜ್ಜೆ. ಊರ ಗಂಡಸರೆಲ್ಲ ಅವಳ ತೊಡೆ ನೋಡುವಾಗ ಇವನೊಬ್ಬ ಅವಳ ಪಾದ ನೋಡುತ್ತಿದ್ದ.

ಅಂಥವನೂ ಹೀಗೆ ಮಾಡಿದನಲ್ಲ!

ಮಂಗಳವಾರ ಬೆಳಿಗ್ಗೆ ತಂಡದ ಕೋಚ್ ಕೊಟ್ರೇಶ ಫೋನ್ ಮಾಡಿದ. "ಸುಹಾನಾ, ಬರೂ ಸೋಮವಾರ ಮೇಡಂ ಬೆಂಗಳೂರಿಗೆ ಕರದಾರ, ಇನ್ನೊಮ್ಮೆ ನೋಡ್ತಾರಂತ! ರೆಫರಿ ಏನೋ ಪತ್ರಾ ಬರದಾನವಾ."

ಅವಳಿಗೆ ಖುಷಿಯಾಗಲಿಲ್ಲ. ಮೈಯೆಲ್ಲ ಉರಿಯಿತು. ಮೊದಲು ಕೆಡವುವುದು, ಆಮೇಲೆ ಕನಿಕರ? ಸೀದಾ ಸವಣೂರಿನ ಬಸ್ಸು ಹತ್ತಿದಳು.

ಮುಬಶೀರನ ತಂದೆ ಪೀರಸಾಬರ ಎಲೆ ಅಂಗಡಿಯ ಹಿಂದಿನ ಮನೆಯಂಗಳದಲ್ಲಿ ಅವನು ಕುಕ್ಕರಗಾಲಲ್ಲಿ ಕುಳಿತು, ವೀಳ್ಯದೆಲೆಗೆ ನೀರು ಚಿಮುಕಿಸುತ್ತಿದ್ದ.

"ರೆಫರಿ ಸಾಹೇಬ್ರ! ಕಾರ್ಡು ತಪ್ಪಾತು ಅಂತ ಬರದೀರೇನ್ರಿ?"

ಅವನು ಗಾಬರಿಯಾಗಿ ಎದ್ದ. "ಇಲ್ಲ..."

"ಸುಳ್ಳು ಹೇಳಬ್ಯಾಡ್ರಿ! ನಾ ಆಕಿನ್ನ ಬೇಕಂತ ಕೆಡವೇನಿ. ಅವತ್ತ ಸಿಟ್ಟಿನಾಗ ಏನೋ ಅಂದೆ, ಆದ್ರ ಆ ಕಾರ್ಡು ಖರೇನ ಇತ್ತು. ನಿಮ್ಮ ಭಿಕ್ಷಾ ನನಗ ಬ್ಯಾಡ!"

"ಕಾರ್ಡು ಖರೇ ಅಂತನ ಬರದೇನಿ. ಇನ್ನೂ ಹತ್ತು ಸಲ ಹಂಗ ಮಾಡಿದ್ರೂ ಹತ್ತು ಸಲ ತೋರಸ್ತೇನಿ."

ಸುಹಾನಾ ತಬ್ಬಿಬ್ಬಾದಳು. "ಮತ್ತ... ಏನ ಬರದೀರಿ?"

ಅವನು ಅವಳ ಹುಬ್ಬಿನ ಹೊಲಿಗೆ ನೋಡಿದ. ಅಲ್ಲಿಂದ ಕಣ್ಣು ಕೀಳಲಿಲ್ಲ.

"ಮೊದಲನೇ ಅರ್ಧದಾಗ ಮಲ್ಲಿಕಾ ನಿಮಗ ಮೊಣಕೈಲೆ ಹೊಡದ್ಲು. ನಾ ನೋಡಿದ್ದೆ. ಸೀಟಿ ಬಾಯಾಗ ಇತ್ತು... ಊದ್ಲಿಲ್ಲ."

"ಯಾಕ?"

"ನಿಮ್ಮನ್ನ ನಿಕಾಹಕ್ಕ ಕೇಳಾಕ ನಾನ ಅಮ್ಮೀನ್ನ ಕಳಿಸೇನಿ, ಅದಕ್ಕ ನಿಮ್ಮ ಪರ ಊದ್ತೇನಿ ಅಂತ ಮಂದಿ ಅಂತಾರಂತ ಅಂಜಿದೆ. ಅವತ್ತ ಊದಿದ್ರ ಮಲ್ಲಿಕಾ ಹೊರಗ ಹೋಗ್ತಿದ್ಲು. ಆಮ್ಯಾಲ ನಿಮ್ಮನ್ನ ದಾಟಿ ಓಡಾಕ ಆಕಿ ಇರತಿರಲಿಲ್ಲ."

ಹೊಲಿಗೆ ಚುರುಕ್ಕೆಂದಿತು. ಅವನು ನೋಡಿದ್ದ! ರಕ್ತ ಸುರಿಯುವಾಗ ನೋಡಿಯೂ ಸುಮ್ಮನಿದ್ದ!

"ಅಂಜೂದಿದ್ರ ಮ್ಯಾಚಿಗೆ ಯಾಕ ನಿಂತ್ರಿ?"

"ಈ ಕಡೆ ಪರೀಕ್ಷಾ ಪಾಸಾದ ರೆಫರಿ ಈಗ ನಾ ಒಬ್ನ. ನಾ ಬಿಟ್ರ ಮ್ಯಾಚ್ ರದ್ದಾಗ್ತಿತ್ತು, ಮೇಡಂ ಹಂಗ ಹೊಳ್ಳಿ ಹೋಗ್ತಿದ್ರು. ನಿಕಾಹದ ಮಾತು ಮುಚ್ಚಿಟ್ಟೆ. ಅದ ನನ್ನ ತಪ್ಪು. ಎಲ್ಲಾ ಬರದು ಫುಟ್‌ಬಾಲ್ ಸಂಸ್ಥೆಗೂ ಕೊಟ್ಟೇನಿ, ಮೇಡಂಗೂ ಕೊಟ್ಟೇನಿ. ಒಂದು ವರ್ಷ ಸೀಟಿ ಮುಟ್ಟಬ್ಯಾಡ ಅಂದಾರ."

ಸುಹಾನಾ ಎಲೆಯ ಬುಟ್ಟಿಗೆ ಒದ್ದಳು. ಬುಟ್ಟಿ ಉರುಳಿತು.

ಸದ್ದಿಗೆ ಮುಮ್ತಾಜಬೇಗಂ ಓಡಿ ಬಂದಳು. "ಯಾ ಅಲ್ಲಾ! ಇದೇನವಾ, ಮನಿಗೇ ಬಂದು ಒದ್ಯಾಕತ್ತೀ?"

"ಒದಿಯೂದ ನನ್ನ ಕೆಲಸಾ ಚಾಚಿ. ಬಿಡಂಗಿಲ್ಲ."

"ಅಮ್ಮೀ," ಎಂದ ಮುಬಶೀರ, "ಐತವಾರ ನಾ ಕೇಳಿದ ಮ್ಯಾಲ ಬಾಯಿ ಬಿಟ್ಟಿ. ಚಡ್ಡಿ ಹಾಕಬ್ಯಾಡ ಅಂತ ಹೇಳಿ ಬಾ ಅಂತ ನಾ ಕಳಿಸಿದ್ನೇನು? ಮೂರು ವರ್ಷ ಆಕಿ ಆಟಾ ನೋಡೇ ಆಕಿ ಬೇಕು ಅಂದೆ. ಆಟಾ ಬಿಟ್ರ ಆಕಿ ಯಾರಂತ ನನಗ ಗೊತ್ತಿಲ್ಲ."

ಮುಮ್ತಾಜಬೇಗಂ ಸೆರಗು ಸರಿಮಾಡಿಕೊಂಡು ಚೆಲ್ಲಿದ ಎಲೆ ಆರಿಸತೊಡಗಿದಳು.

ಸುಹಾನಾಳಿಗೆ ಅಳು ಬಂತು, ಅದಕ್ಕೂ ಸಿಟ್ಟು ಬಂತು.

"ನನ್ನ ಸಿಟ್ಟು ಹೋಗಿಲ್ಲ," ಎಂದಳು.

"ಹೋಗೂದು ಬ್ಯಾಡ್ರಿ. ಇಟ್ಕೊರಿ."

"ಸೀಟಿ ಇಲ್ಲ ಅಂದ್ರ ಒಂದು ವರ್ಷ ಏನ ಮಾಡ್ತೀರಿ?"

"ನಿಮ್ಮ ಮ್ಯಾಚಿಗೆ ಬರ್ತೇನಿ. ಸುಮ್ನ ಕುಂತು ನೋಡ್ತೇನಿ."

"ಸುಮ್ನ ಕುಂತದ್ದು ಸಾಕು! ನನ್ನ ಹೆಸರ ಹಿಡದು ಒದರಬೇಕು. ಮಂದಿ ಏನರ ಅನ್ಲಿ. ಹಂಗಿದ್ರ... ನನ್ನ ಕಡಿಂದ ಹೂಂ."

ಮುಬಶೀರ ಹತ್ತು ವರ್ಷ ಮೈದಾನದಲ್ಲಿ ಕಳೆದವನು. ಯಾರ ಪರವಾಗಿಯೂ ಒಮ್ಮೆಯೂ ಬಾಯಿ ತೆರೆದವನಲ್ಲ. ಅವನ ಕಿವಿಗಳು ಕೆಂಪಾದವು.

"ಈಗ ಒದರ್ರಿ," ಎಂದಳು.

"ಇಲ್ಲೆ? ಅಬ್ಬಾ ಅಂಗಡ್ಯಾಗ ಗಿರಾಕಿ ಅದಾರ..."

"ಇಲ್ಲೆ."

ಅವನು ಉಸಿರು ಎಳೆದುಕೊಂಡ. "ಸುಹಾನಾ!"

ಅಂಗಡಿಯಲ್ಲಿ ಮಾತು ನಿಂತಿತು. ಬಾಗಿಲಲ್ಲಿ ನಾಲ್ಕು ತಲೆ ಇಣುಕಿದವು. ಅವಳು ಹೊಲಿಗೆಯ ಹುಬ್ಬನ್ನು ಒಂಚೂರು ಏರಿಸಿದಳು. ನೋಯಿತು, ಆದರೂ ಇಳಿಸಲಿಲ್ಲ.

"ಕೇಳಸ್ಲಿಲ್ಲ," ಎಂದಳು.